ಸಂಡಿಗೆ ಖಟ್ಲೆಯ ಅಟಾರ್ನಿ ಜನರಲ್

ಪುಣೆಯ ಧನಕವಡಿಯ ಸುವರ್ಣರೇಖಾ ವಸತಿ ಸೊಸೈಟಿಯ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ರಾಮಲಿಂಗಪ್ಪನವರು ಮೂವತ್ತಾರು ವರ್ಷಗಳಿಂದ ಕೋರ್ಟಿನ ಎದುರು ಕೂತು ಅರ್ಜಿ ಟೈಪು ಮಾಡುತ್ತಿದ್ದರು. ಇಂಡಿ ತಾಲ್ಲೂಕಿನಿಂದ ಪುಣೆಗೆ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ತಲೆಯ ಕೂದಲು ಹೋಗಿ ಟೋಪಿ ಬಂತು, ಆದರೆ ಮೂರು ಪ್ರತಿ ತೆಗೆಯುವ ಅಭ್ಯಾಸ ಮಾತ್ರ ಹೋಗಲಿಲ್ಲ. ಕಿರಾಣಿ ಸಾಮಾನಿನ ಪಟ್ಟಿಯನ್ನೂ ಅವರು ಮೂರು ಪ್ರತಿ ಮಾಡುತ್ತಿದ್ದರು: ಒಂದು ಅಂಗಡಿಗೆ, ಒಂದು ಮನೆಗೆ, ಒಂದು ಇರಲಿ ಅಂತ.

ಅರ್ಜಿ ಬರೆದು ಬರೆದು ಅವರ ಮಾತೂ ಅರ್ಜಿಯಂತೆಯೇ ಆಗಿಬಿಟ್ಟಿತ್ತು. ಮಜ್ಜಿಗೆ ಬೇಕಾದರೆ ಸುಮ್ಮನೆ ಮಜ್ಜಿಗೆ ಕೊಡು ಅನ್ನುವವರಲ್ಲ.

"ಒಂದನೇದು, ಹೊರಗ ಬಿಸಲು ಭಾಳ ಅದ. ಎರಡನೇದು, ನಾ ಬಸ್ಸಿನ್ಯಾಗ ನಿಂತು ಬಂದೀನಿ. ಮೂರನೇದು, ಮನ್ಯಾಗ ಮಜ್ಜಿಗಿ ಅದ ಅಂತ ನನ್ನ ತಿಳುವಳಿಕಿ. ಆದಕಾರಣ..."

"ಆದಕಾರಣ ಎದ್ದು ತಗೋರಿ," ಎಂದು ಹೆಂಡತಿ ಬಸವಣ್ಣೆವ್ವ ಅಡುಗೆಮನೆಯಿಂದಲೇ ಅರ್ಜಿಯನ್ನು ವಜಾ ಮಾಡುತ್ತಿದ್ದರು.

ಇಷ್ಟು ಮಾತು ಬಲ್ಲ ಮನುಷ್ಯನಿಗೆ ಸೊಸೈಟಿಯ ಸಭೆಯಲ್ಲಿ ಬಾಯಿ ತೆರೆಯುವ ಹಕ್ಕಿರಲಿಲ್ಲ. ಬಾಡಿಗೆಯವರಿಗೆ ಮತವಿಲ್ಲ, ಮತವಿಲ್ಲದವರಿಗೆ ಮಾತೂ ಇಲ್ಲ ಎಂಬುದು ಅಲ್ಲಿನ ರೂಢಿ. ಅವರು ಹಿಂದಿನ ಕುರ್ಚಿಯಿಂದ ಎದ್ದು, "ಒಂದನೇದು..." ಅನ್ನುವಷ್ಟರಲ್ಲಿ ಕಾರ್ಯದರ್ಶಿ ಏಕನಾಥ ಕೈಯಾಡಿಸಿ, "ಬಸಾ ಕಾಕಾ, ಬಸಾ" ಎಂದು ಮರಾಠಿಯಲ್ಲಿ ಕೂರಿಸಿಬಿಡುತ್ತಿದ್ದ. ಇಪ್ಪತ್ತೆರಡು ವರ್ಷಗಳಲ್ಲಿ ರಾಮಲಿಂಗಪ್ಪನವರ ವಾದ 'ಎರಡನೇದು' ತಲುಪಿರಲಿಲ್ಲ.

ಹೀಗಿರುವಾಗ ಸೊಸೈಟಿಯ ಅಧ್ಯಕ್ಷ ಚನ್ನವೀರ ಸಾವಕಾರರ ಮಗಳು ಶೈಲಶ್ರೀ ಒಂದು ಕಟ್ಟು ಹಾಳೆ ತಂದುಕೊಟ್ಟಳು. ಅವಳು ಕಾನೂನು ಓದುತ್ತಿದ್ದಳು. ಅಟಾರ್ನಿ ಜನರಲ್ ಹುದ್ದೆಯ ಕೆಲಸ ಮತ್ತು ಇತಿಹಾಸದ ಬಗ್ಗೆ ಇಪ್ಪತ್ತನಾಲ್ಕು ಪುಟ, ಇರುವೆ ಸಾಲಿನಂಥ ಅಕ್ಷರ.

"ಕಾಕಾ, ಸೋಮವಾರ ಕೊಡಬೇಕ್ರಿ. ಟೈಪ್ ಮಾಡಿ ಕೊಡ್ತೀರಿ?"

ತಾವು ಟೈಪು ಮಾಡಿದ ಯಾವ ಅರ್ಜಿಯನ್ನೂ ರಾಮಲಿಂಗಪ್ಪನವರು ಓದಿದವರಲ್ಲ. ಓದಿದರೆ ಬೆರಳು ನಿಲ್ಲುತ್ತದೆ ಎಂಬುದು ಅವರ ಕಸುಬಿನ ನಿಯಮ. ಆದರೆ ಶೈಲಶ್ರೀಯ ಅಕ್ಷರ ಓದದೆ ತಿಳಿಯುವಂಥದ್ದಾಗಿರಲಿಲ್ಲ. ಹೀಗಾಗಿ ಐವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಅವರು ತಾವು ಟೈಪು ಮಾಡುವುದನ್ನು ಓದಿದರು.

ಇಂಗ್ಲೆಂಡಿನ ರಾಜ ತನ್ನದೇ ಹೆಸರಿನಲ್ಲಿ ನಡೆಯುವ ಕೋರ್ಟಿಗೆ ತಾನೇ ಹೋಗಿ ವಾದಿಸಲು ಆಗದೆ, ಏಳೆಂಟು ನೂರು ವರ್ಷಗಳ ಹಿಂದೆಯೇ ತನ್ನ ಪರ ನಿಲ್ಲಲು ಒಬ್ಬ ವಕೀಲನನ್ನು ಇಟ್ಟುಕೊಂಡನಂತೆ. ಅವನೇ ಈ ಹುದ್ದೆಯ ಮೂಲಪುರುಷ. ಅಮೆರಿಕದವರು ೧೭೮೯ರಲ್ಲಿ ಹುದ್ದೆ ಮಾಡಿದರೇನೋ ನಿಜ, ಆದರೆ ಮೊದಲನೆಯವರಿಗೆ ಕಚೇರಿಯೂ ಇಲ್ಲ, ಗುಮಾಸ್ತನೂ ಇಲ್ಲ. ಸಂಬಳ ಸಾಲದೆ ಅವರು ಹೊರಗಿನ ಕಕ್ಷಿದಾರರ ಕೆಲಸವನ್ನೂ ನೋಡಬೇಕಾಗಿತ್ತಂತೆ. ಗುಮಾಸ್ತನಿಲ್ಲ ಎಂಬಲ್ಲಿ ರಾಮಲಿಂಗಪ್ಪನವರು ಟೈಪು ನಿಲ್ಲಿಸಿ ಪಾಪ ಅಂದುಕೊಂಡರು. ನಮ್ಮ ದೇಶದ ಅಟಾರ್ನಿ ಜನರಲ್ಲರನ್ನು ಸಂವಿಧಾನದ ಎಪ್ಪತ್ತಾರನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ನೇಮಿಸುತ್ತಾರೆ. ಸರ್ಕಾರಕ್ಕೆ ಕಾನೂನಿನ ಸಲಹೆ ಕೊಡುವುದು, ಸರ್ಕಾರದ ಪರ ವಾದಿಸುವುದು ಅವರ ಕೆಲಸ. ಸರ್ಕಾರದ ಅನುಮತಿಯಿಲ್ಲದೆ ಆರೋಪಿಗಳ ಪರ ನಿಲ್ಲುವಂತಿಲ್ಲ. ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಹುದ್ದೆ.

ಆಮೇಲೆ ಹದಿನೇಳನೇ ಪುಟ ಬಂತು. ಅಟಾರ್ನಿ ಜನರಲ್ಲರು ಸಂಸತ್ತಿನಲ್ಲಿ ಮಾತಾಡಬಹುದು, ಆದರೆ ಮತ ಹಾಕುವಂತಿಲ್ಲ.

ರಾಮಲಿಂಗಪ್ಪನವರ ಬೆರಳು ನಿಂತೇಬಿಟ್ಟವು. ಮತವಿಲ್ಲ, ಆದರೆ ಮಾತಿದೆ! ಆ ಸಾಲನ್ನು ಅವರು ಮೂರು ಸಲ ಟೈಪು ಮಾಡಿ, ಎರಡನ್ನು ಮನಸ್ಸಿಲ್ಲದ ಮನಸ್ಸಿನಿಂದ ಅಳಿಸಿದರು.

ಮರುದಿನ ಸಂಜೆ ಮೂರು ಪ್ರತಿಗಳ ಅರ್ಜಿಯೊಂದಿಗೆ ಚನ್ನವೀರರ ಮನೆಗೆ ಹೋದರು. ಚನ್ನವೀರರದು ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಮೂಗು ಸದಾ ಕೆಂಪು. ಮಾತಿನ ನಡುವೆ ಎಲ್ಲರೂ ಅಲ್ಪವಿರಾಮ ಕೊಟ್ಟರೆ ಅವರು ಸೀನುತ್ತಿದ್ದರು.

"ಸೊಸೈಟಿಗೆ ಅಟಾರ್ನಿ ಜನರಲ್ಲಾ? ಅಂದ್ರ, ಹಾಕ್ಷಿ, ಮಹಾನಗರಪಾಲಿಕಿಯವರ ಪತ್ರಕ್ಕೆಲ್ಲಾ ನೀವು ಉತ್ತರ ಬರೀತೀರಿ?"

"ಮೂರು ಪ್ರತಿ ಬರೀತೀನ್ರಿ, ಸಾವಕಾರ್ರ."

"ಆಗ್ಲಿ ಬಿಡ್ರಿ. ನನ್ನ ಇಚ್ಛೆ ಇರೂತನಕ ಆಗ್ರಿ."

ಹೀಗೆ ನೇಮಕಾತಿ ಆಯಿತು. ಬಾಗಿಲಿಗೆ ಹೆಸರಿನ ಕೆಳಗೆ ಹುದ್ದೆಯನ್ನೂ ಅಂಟಿಸಿದರು. ಬಸವಣ್ಣೆವ್ವ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದರು.

"ಪಗಾರ ಎಷ್ಟ ಕೊಡ್ತಾರ?"

"ಅಮೆರಿಕಾದಾಗ ಮೊದಲನೇದವ್ರಿಗೂ ಭಾಳ ಇದ್ದಿಲ್ಲ."

"ಅವರ ಹೇಣ್ತಿ ಸುಮ್ಮನಿದ್ಲೇನು?"

ಅದನ್ನು ಶೈಲಶ್ರೀ ಬರೆದಿರಲಿಲ್ಲ.

ಮೊದಲ ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಲಿಫ್ಟಿನಲ್ಲಿ ಸೈಕಲ್ ತರಬಹುದೇ, ಪಾರಿವಾಳಕ್ಕೆ ಕಾಳು ಹಾಕುವವರು ಅದರ ಹಿಕ್ಕೆಗೂ ಹೊಣೆಯೇ ಎಂಬಂಥ ಪ್ರಶ್ನೆಗಳಿಗೆ ಅವರು ಸಲಹೆ ಕೊಟ್ಟರು. ಸಭೆಯಲ್ಲಿ ಅವರ ವಾದ ಒಮ್ಮೆ 'ಹದಿನಾಲ್ಕನೇದು' ತಲುಪಿತು. ಏಕನಾಥ ಕೈಯೆತ್ತಿದರೆ ಹದಿನೇಳನೇ ಪುಟ ತೋರಿಸುತ್ತಿದ್ದರು.

ಹೋಳಿ ಬಂತು, ಬಿಸಿಲು ಏರಿತು. ಪ್ರತಿ ವರ್ಷದಂತೆ ಬಸವಣ್ಣೆವ್ವ ಗಚ್ಚಿ ಹತ್ತಿದರು. ಗಚ್ಚಿ ಅಂದರೆ ಕಟ್ಟಡದ ಮೇಲಿನ ಬಯಲು. ಅಲ್ಲಿ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟರು, ಹಪ್ಪಳ ಹರವಿದರು, ಗೋದಿ ಹಾಲಿನ ಕುರುಡಿಗೆ ಒತ್ತಿದರು. ಒಂದು ಮೂಲೆಯಲ್ಲಿ ವರ್ಷದ ಖಾರಕ್ಕೆ ಬೇಕಾದ ಬ್ಯಾಡಗಿ ಮೆಣಸಿನಕಾಯಿ ಸುರುವಿದರು. ಅದರ ನೇರ ಕೆಳಗೆ, ನಾಲ್ಕನೇ ಮಹಡಿಯಲ್ಲಿ, ಚನ್ನವೀರರ ಮಲಗುವ ಕೋಣೆ. ಅವರು ರಾಮಲಿಂಗಪ್ಪನವರನ್ನು ಮೇಲೆ ಕರೆಸಿದರು.

"ದಿನಾ ಮಾರ್ಕೆಟ್ ಯಾರ್ಡಿನ್ಯಾಗ ಸೀನಿ ಬರ್ತೀನಿ. ಮನಿಗೆ ಬಂದ್ರ ತಲಿ ಮ್ಯಾಲೂ, ಹಾಕ್ಷಿ, ಮೆಣಸಿನಕಾಯಿ! ಬಂದ್ ಮಾಡಸ್ರಿ. ಸಂಡಿಗಿ, ಹಪ್ಪಳ, ಎಲ್ಲಾ ಬಂದ್. ಗಚ್ಚಿ ಮ್ಯಾಲೆ ಯಾರೂ ಏನೂ ಒಣಗಿಸಬಾರದು. ಭಾನುವಾರ ಸಭಾದಾಗ ನೀವ ಸೊಸೈಟಿ ಪರ ಖಟ್ಲೆ ನಡಸ್ರಿ."

ರಾಮಲಿಂಗಪ್ಪನವರು ಕೈಮುಗಿದರು. "ಆರೋಪಿ ನಮ್ಮ ಮನಿಯಾಕಿ ಇದ್ದಾಳ್ರಿ. ಆಕಿ ಪರ ನಿಲ್ಲಾಕ ಅನುಮತಿ ಬೇಡತೀನ್ರಿ."

"ಅನುಮತಿ ಇಲ್ಲ."

ಕೆಳಗೆ ಬಂದು ಹೆಂಡತಿಗೆ ಹೇಳಿದರು. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಡಿತ ಮಾತ್ರ ಜೋರಾಯಿತು.

"ಹಂಗಾದ್ರ ನಂದೂ ಒಂದು ಮಾತು ಕೇಳ್ರಿ. ಗಚ್ಚಿ ಬಂದ್ ಆತಂದ್ರ ನಾ ಇಂಡಿಗೆ ಅಕ್ಕನ ಮನಿಗೆ ಹೋಗ್ತೀನಿ. ಅಲ್ಲಿ ಅಂಗಳ ಅದ. ಸಂಡಿಗಿ, ಹಪ್ಪಳ, ಖಾರ ಎಲ್ಲಾ ಮುಗಿಸಿ ಮಳಿ ಹಿಡದ ಮ್ಯಾಲೆ ಬರ್ತೀನಿ."

"ಮಳಿ ಹಿಡಿಯೂದಂದ್ರ ಜೂನ್!"

"ನಿಮಗ ಅಡಗಿ ಬರ್ತದಲ್ಲ? ಒಂದನೇದು, ಒಲಿ ಹಚ್ಚೂದು..."

ರಾಮಲಿಂಗಪ್ಪನವರಿಗೆ ಒಲೆ ಹಚ್ಚುವುದರಾಚೆ 'ಎರಡನೇದು' ಏನೆಂದು ಗೊತ್ತಿರಲಿಲ್ಲ. ಹುದ್ದೆ ಬಿಟ್ಟುಬಿಡಲೇ ಎಂದು ಯೋಚಿಸಿದರು. ಬಿಟ್ಟರೆ ಮತ್ತೆ ಹಿಂದಿನ ಕುರ್ಚಿ, ಮತ್ತೆ "ಬಸಾ ಕಾಕಾ". ಬಿಡದಿದ್ದರೆ ಮೂರು ತಿಂಗಳು ಅವಲಕ್ಕಿ. ಗೆದ್ದರೆ ಹೆಂಡತಿ ಇಲ್ಲ, ಸೋತರೆ ಹುದ್ದೆ ಇಲ್ಲ. ಕೊನೆಗೆ, ಹಿಡಿದ ಕೆಲಸವನ್ನು ಸರಿಯಾಗಿಯೇ ಮಾಡುವುದೆಂದು ಗಟ್ಟಿ ಮನಸ್ಸು ಮಾಡಿದರು. ಸರಿಯಾಗಿ ಮಾಡುವುದೊಂದೇ ಅವರಿಗೆ ಬರುತ್ತಿದ್ದುದು.

ಶನಿವಾರ ಏಕನಾಥನನ್ನು ಪಂಚನಾಗಿ ಕರೆದುಕೊಂಡು ಗಚ್ಚಿ ಹತ್ತಿದರು. ಕಂಡ ಕಂಡ ಸಾಮಾನಿನ ಪಂಚನಾಮೆ ಬರೆದರು. ಪ್ರತಿಯೊಂದರಲ್ಲೂ ಒಂದಿಷ್ಟು ಜಪ್ತಿ ಮಾಡಿ ಸ್ಟೀಲ್ ಡಬ್ಬಿಗಳಿಗೆ ತುಂಬಿ, ಕೋರ್ಟಿನಲ್ಲಿ ಮಾಡುವಂತೆ ಚೀಟಿ ಅಂಟಿಸಿದರು. ಸಂಡಿಗೆ, ನಿಶಾನಿ ಒಂದು. ಹಪ್ಪಳ, ನಿಶಾನಿ ಎರಡು. ಕುರುಡಿಗೆ, ನಿಶಾನಿ ಮೂರು. ಮೆಣಸಿನಕಾಯಿ, ನಿಶಾನಿ ನಾಲ್ಕು.

ಆರೋಪಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಕರೀಲಾರದ ಸಂಡಿಗಿ ತೋರಿಸಿದ್ರ ಸಭಾದವರಿಗೆ ಏನ ತಿಳಿತದ್ರಿ? ಸುಣ್ಣದ ಬಿಲ್ಲಿ ಇದ್ದಂಗ ಇರ್ತದ. ಕರಿದ ಮ್ಯಾಲೆ ಅಲ್ಲೇನು ಅದರ ಖರೇ ರೂಪ ತಿಳಿಯೂದು?"

ರಾಮಲಿಂಗಪ್ಪನವರು ಆ ವಾದವನ್ನು ರಾತ್ರಿಯೂಟದವರೆಗೆ ತಿರುಗಿಸಿ ಮುರುಗಿಸಿ ನೋಡಿದರು. ತಪ್ಪು ಸಿಗಲಿಲ್ಲ. ಸಾಕ್ಷ್ಯ ಪೂರ್ಣ ರೂಪದಲ್ಲಿರಬೇಕು, ಎಲ್ಲರೂ ಮುಟ್ಟಿ ಪರಿಶೀಲಿಸುವಂತಿರಬೇಕು. ಭಾನುವಾರ ಬೆಳಗ್ಗೆ ಅವರ ಕಣ್ಣೆದುರೇ ಆರೋಪಿ ಸಾಕ್ಷ್ಯವನ್ನು ಕರಿದರು. ರಾಮಲಿಂಗಪ್ಪನವರು ಎಣಿಸಿದರು: ಸಂಡಿಗೆ ನಲವತ್ತು, ಹಪ್ಪಳ ಇಪ್ಪತ್ತನಾಲ್ಕು, ಕುರುಡಿಗೆ ಹನ್ನೆರಡು. ಬಾಯಲ್ಲಿ ನೀರೂರಿದರೂ ಒಂದನ್ನೂ ಮುಟ್ಟಲಿಲ್ಲ. ಮುರಿದು ಬಿದ್ದ ಚೂರನ್ನೂ ಡಬ್ಬಿಗೇ ಹಾಕಿ, 'ಚೂರು, ಒಂದು' ಎಂದು ಬರೆದುಕೊಂಡರು.

ಪಾರ್ಕಿಂಗಿನಲ್ಲಿ ಸಭೆ ಸೇರಿತು. ಚನ್ನವೀರರನ್ನು ಬಿಟ್ಟು ಹದಿನಾಲ್ಕು ಮಂದಿ ಸದಸ್ಯರು ಬಂದಿದ್ದರು. ಬಸವಣ್ಣೆವ್ವ ಹಿಂದಿನ ಕುರ್ಚಿಯಲ್ಲಿ, ಗಂಡನ ಹಳೇ ಜಾಗದಲ್ಲಿ, ಸೆರಗು ಹೊದ್ದು ಕೂತರು.

ರಾಮಲಿಂಗಪ್ಪನವರು ಎದ್ದು ಸೊಸೈಟಿಯ ಪರ ವಾದ ಶುರು ಮಾಡಿದರು. ಗಚ್ಚಿ ಎಲ್ಲರ ಸೊತ್ತು. ಕಾಗೆ ಬರುತ್ತವೆ. ಘಾಟು ಇಳಿಯುತ್ತದೆ. ಹೆಂಡತಿಯ ಕಡೆ ನೋಡದೆ ಇಪ್ಪತ್ತು ನಿಮಿಷ ಮಾತಾಡಿದರು. "ಈಗ ಸಭಾದವರು ಸಾಕ್ಷ್ಯ ಪರಿಶೀಲಿಸಬೇಕ್ರಿ," ಎಂದು ಡಬ್ಬಿಗಳನ್ನು ಮುಂದಿನ ಸಾಲಿಗೆ ಕೊಟ್ಟು, ಹನ್ನೊಂದನೇ ಅಂಶಕ್ಕೆ ಹೋದರು.

ಹದಿಮೂರನೇ ಅಂಶದ ಹೊತ್ತಿಗೆ ಸಭೆಯಿಂದ ಕರಕರ ಶಬ್ದ ಕೇಳತೊಡಗಿತು. ಕಾಗದ ನೋಡಿ ಓದುತ್ತಿದ್ದ ರಾಮಲಿಂಗಪ್ಪನವರು ಅದನ್ನು ಸಮ್ಮತಿಯ ಸದ್ದೆಂದು ತಿಳಿದು ದನಿ ಏರಿಸಿದರು. ಹತ್ತೊಂಬತ್ತನೇ ಅಂಶಕ್ಕೆ ತಲೆಯೆತ್ತಿ ನೋಡಿದರೆ ಏಕನಾಥನ ಕೆನ್ನೆ ಉಬ್ಬಿತ್ತು.

"ನಿಶಾನಿ ಎರಡು ಎಲ್ಲದ?"

ಏಕನಾಥ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ಬಾಯಿಯ ಕಡೆ ಬೆರಳು ತೋರಿಸಿದ.

"ನಿಶಾನಿ ಒಂದು?"

"ಖಾಲಿ ಕಾಕಾ," ಎಂದಳು ಶೈಲಶ್ರೀ, ತುಟಿ ಒರೆಸಿಕೊಳ್ಳುತ್ತ. "ಪರಿಶೀಲನಾ ಪೂರ್ಣ ಆಗೇದ."

ಚನ್ನವೀರರ ಕೈಯಲ್ಲಿ ಕೊನೆಯ ಕುರುಡಿಗೆ ಇತ್ತು. ಎಲ್ಲರೂ ನೋಡುತ್ತಿದ್ದಾರೆಂದು ತಿಳಿದು, ಅದನ್ನು ಡಬ್ಬಿಗೆ ವಾಪಸು ಹಾಕಲು ಹೋದರು. ಅಷ್ಟರಲ್ಲಿ ಸೀನು ಬಂತು, ಕುರುಡಿಗೆ ಪುಡಿಯಾಯಿತು. ಉಳಿದದ್ದು ನಿಶಾನಿ ನಾಲ್ಕು ಮಾತ್ರ. ಅದನ್ನು ಯಾರೂ ಮುಟ್ಟಿರಲಿಲ್ಲ.

ರಾಮಲಿಂಗಪ್ಪನವರು ಖಾಲಿ ಡಬ್ಬಿಗಳನ್ನು ಬೋರಲು ಹಾಕಿ ನೋಡಿದರು. ಮೂವತ್ತಾರು ವರ್ಷ ಕೋರ್ಟಿನೆದುರು ಕೂತಿದ್ದರೂ ಸಾಕ್ಷ್ಯವನ್ನು ತಿಂದ ಕೋರ್ಟನ್ನು ಅವರು ಕಂಡಿರಲಿಲ್ಲ.

ಮತಕ್ಕೆ ಹಾಕಿದರು. ನಿಷೇಧ ಬೇಕು ಎಂದವರು ಏಳು. ಬೇಡ ಎಂದವರು ಏಳು. ರಾಮಲಿಂಗಪ್ಪನವರ ಬಲಗೈ ತನ್ನಷ್ಟಕ್ಕೆ ತಾನೇ ಮೇಲೇಳತೊಡಗಿತು. ಅವರು ಗಾಬರಿಯಿಂದ ಎಡಗೈಯಲ್ಲಿ ಅದನ್ನು ಹಿಡಿದು ಕೆಳಗೆಳೆದರು. ಹದಿನೇಳನೇ ಪುಟ!

ಇನ್ನು ಅಧ್ಯಕ್ಷರ ಮತವೇ ನಿರ್ಣಾಯಕ. ಚನ್ನವೀರರು ಅಂಗಿಯ ಮೇಲಿನ ಪುಡಿಯನ್ನು ಝಾಡಿಸುತ್ತ, ಅದರಲ್ಲಿ ಸ್ವಲ್ಪವನ್ನು ಬಾಯಿಗೂ ಹಾಕಿಕೊಳ್ಳುತ್ತ, ಬಹಳ ಹೊತ್ತು ಯೋಚಿಸಿದರು.

"ಅಟಾರ್ನಿ ಜನರಲ್ಲರ, ಕಾನೂನಿನ ಪ್ರಕಾರ ಸಲಹಾ ಕೊಡ್ರಿ. ಸಾಕ್ಷ್ಯ ಇಲ್ಲದ ಖಟ್ಲೆ ನಡೀತದೋ ಇಲ್ಲೋ?"

ನಡೆಯುತ್ತದೆ ಅಂದರೆ ಅಧ್ಯಕ್ಷರ ಇಚ್ಛೆಯೂ ಉಳಿದೀತು, ಹುದ್ದೆಯೂ ಉಳಿದೀತು. ಹಿಂದಿನ ಕುರ್ಚಿಯಿಂದ ಬಸವಣ್ಣೆವ್ವ ಅವರನ್ನೇ ನೋಡುತ್ತಿದ್ದರು. ಆದರೆ ರಾಮಲಿಂಗಪ್ಪನವರು ಅತ್ತ ನೋಡಲಿಲ್ಲ, ಇತ್ತಲೂ ನೋಡಲಿಲ್ಲ; ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಇದ್ದದ್ದನ್ನು ಹೇಳಿದರು.

"ಸಂಡಿಗಿ, ಹಪ್ಪಳ, ಕುರುಡಿಗಿ ಮ್ಯಾಲಿನ ಖಟ್ಲೆ ನಿಲ್ಲಂಗಿಲ್ರಿ. ಸಾಕ್ಷ್ಯ ಸೊಸೈಟಿ ಹೊಟ್ಟ್ಯಾಗ ಅದ. ಮೆಣಸಿನಕಾಯಿದು ನಿಲ್ತದ್ರಿ. ಅದು ಡಬ್ಬ್ಯಾಗ ಅದ."

"ಅದಕ್ಕೇನು ಮಾಡೂಣು?"

ಮೊದಲ ಸಲ ಹಿಂದಿನ ಕುರ್ಚಿ ಮಾತಾಡಿತು. "ಸಾವಕಾರ್ರು ಮಾರ್ಕೆಟ್ ಯಾರ್ಡಿಗೆ ಹೋದ ಮ್ಯಾಲೆ ಹರವಿ, ಬರೂದ್ರಾಗ ತಗೀತೀನ್ರಿ. ಹೆಂಗೂ ಅಲ್ಲಿ ಸೀನತಾರ, ಇಲ್ಲಿಂದು ಗೊತ್ತಾಗಂಗಿಲ್ಲ."

ಸಭೆ ನಕ್ಕಿತು. "ಇವರಿಗೆ ಮತ ಇಲ್ಲ," ಎಂದು ಏಕನಾಥ ಏನೋ ತಕರಾರು ತೆಗೆಯಹೋದ; ಚನ್ನವೀರರು ಕೈಯಾಡಿಸಿ, "ಬಸಾ ಏಕನಾಥ, ಬಸಾ," ಎಂದರು. ಬಸವಣ್ಣೆವ್ವ ಹೇಳಿದಂತೆಯೇ ಠರಾವಾಯಿತು.

"ಮತ್ತ ನನ್ನ ಹುದ್ದೆ, ಸಾವಕಾರ್ರ?" ರಾಮಲಿಂಗಪ್ಪನವರು ಮೆಲ್ಲಗೆ ಕೇಳಿದರು. "ಖಟ್ಲೆ ಸೋತೀನ್ರಿ."

"ನನ್ನ ಇಚ್ಛೆ ಅದ, ಇರ್ರಿ. ಇನ್ನ ಮ್ಯಾಲೆ ಎಲ್ಲಾ ಖಟ್ಲೆಗೂ ಸಾಕ್ಷ್ಯ ನಿಮ್ಮ ಮನಿಯವರ ಕಡೆನ, ಹಾಕ್ಷಿ, ಕರಿಸಿ ತರ್ರಿ."

ಮಧ್ಯಾಹ್ನ ಊಟಕ್ಕೆ ಕೂತಾಗ ರಾಮಲಿಂಗಪ್ಪನವರು ರೊಟ್ಟಿ, ಮೊಳಕೆಕಾಳಿನ ಪಲ್ಯ, ಮೊಸರು ಎಲ್ಲವನ್ನೂ ನೋಡಿ, ತಟ್ಟೆಯ ಅಂಚನ್ನು ಇನ್ನೊಮ್ಮೆ ನೋಡಿದರು.

"ಒಂದನೇದು, ನಾ ಮುಂಜಾನಿಂದ ಒಂದೂ ತಿಂದಿಲ್ಲ. ಎರಡನೇದು, ಸಂಡಿಗಿ ಒಂದ ನಲವತ್ತು ಕರಿದಿದ್ದಿ..."

"ಸಂಡಿಗಿ ಇಲ್ಲ. ನಿಮ್ಮ ಸರ್ಕಾರ ತಿಂದದ. ಒಣಗಿದ್ದಷ್ಟೂ ನೀವು ಜಪ್ತಿ ಮಾಡಿದ್ರಿ, ಉಳದದ್ದು ಇನ್ನೂ ಹಸೀ ಅದ, ಎರಡು ಬಿಸಲು ಬೇಕು." ಬಸವಣ್ಣೆವ್ವ ಮೂಲೆಯಲ್ಲಿದ್ದ ಕೊಡೆಯನ್ನು ತಂದು ಅವರ ಪಕ್ಕಕ್ಕಿಟ್ಟರು. "ಉಂಡು ಮ್ಯಾಲೆ ಹೋಗ್ರಿ. ಕಾಗಿ ಬಂದಾವು."

ರಾಮಲಿಂಗಪ್ಪನವರು ಉಂಡು, ಕೊಡೆ ಹಿಡಿದು ಗಚ್ಚಿ ಹತ್ತಿದರು. ನೀರಿನ ಟಾಕಿಯ ಮೇಲೆ ಮೂರು ಕಾಗೆ ಕೂತಿದ್ದವು. ಅವರು ಸಂಡಿಗೆಯ ಸೀರೆಯ ಮುಂದೆ ನಿಂತು, ಟೋಪಿ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡರು.

"ಒಂದನೇದು," ಎಂದರು.

ಕಾಗೆಗಳು ಕೇಳುತ್ತ ಕೂತವು.