ಭಾವನ ದನಿ, ಸ್ಟ್ಯಾಂಡ್‌ಬೈ ಪಂಪು

ಭಾವ, ನಿಮ್ಮ ದನಿಯನ್ನು ದೇವರು ಕೇಳಿರಲಿಲ್ಲ. ಯಾರೂ ಹರಕೆ ಹೊತ್ತು ಅದನ್ನು ಒಪ್ಪಿಸಿರಲೂ ಇಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ನಾನು ಹೇಳಿದ್ದು ಹಸಿ ಸುಳ್ಳು. ಮೂರು ವರ್ಷದಿಂದ ನೀವು ಭಜನೆಯಲ್ಲಿ ಬಾಯಿ ಮುಚ್ಚಿ ಕೂಡುತ್ತೀರಲ್ಲ — ಅದಕ್ಕೆ ಕಾರಣ ಉಳವಿಯ ಚನ್ನಬಸವಣ್ಣನಲ್ಲ, ನಿಮ್ಮ ತಂಗಿಯ ಗಂಡನಾದ ನಾನು.

ಗೊತ್ತಿರುವುದನ್ನೇ ಮೊದಲು ಹೇಳಿಬಿಡುತ್ತೇನೆ, ಧೈರ್ಯ ಬರಲಿ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನೀವೂ ನಾನೂ ದುಡಿದು ನಿವೃತ್ತರಾದವರು. ನಾನು ಪಂಪ್‌ಹೌಸಿನ ಫಿಟ್ಟರ್. ಬಸವಣ್ಣನ ಗುಡಿಯ ಸೋಮವಾರದ ಭಜನೆಯಲ್ಲಿ ನೀವು ಮುಂದೆ ಕೂತು ಹಾಡುವುದು, ನಾನು ಹಿಂದೆ ಕೂತು ತಾಳ ಕುಟ್ಟುವುದು. ನೀವು ದನಿ ಎತ್ತಿದರೆ ಬಂಗೂರನಗರದ ಆಚೆ ಮಗ್ಗುಲಿನವರೂ ಎದ್ದು ಬರುತ್ತಿದ್ದರು. ನನ್ನ ತಾಳ ತಪ್ಪಿದರೆ ಹಾಡು ನಿಲ್ಲಿಸದೆಯೇ ಹಿಂದಕ್ಕೆ ಹೊರಳಿ ನೋಡುತ್ತಿದ್ದಿರಿ — ಎಲ್ಲರಿಗೂ ಕಾಣುವ ಹಾಗೆ. ಆ ನೋಟ ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ಇನ್ನು ನಿಮಗೆ ಗೊತ್ತಿಲ್ಲದ್ದು. ಹೃದಯಾಘಾತವಾಗಿ ನಿಮ್ಮನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದಾಗ ನಿಮ್ಮ ಹೃದಯಕ್ಕೆ ರಕ್ತ ಎತ್ತಿ ಹಾಕುವ ತ್ರಾಣವೇ ಉಳಿದಿರಲಿಲ್ಲ. ಎಕ್ಮೊ ಎಂಬ ಯಂತ್ರಕ್ಕೆ ಜೋಡಿಸಿದರು. ತೊಡೆಯ ಸಂದಿನಿಂದ ಒಂದು ನಳಿಕೆಯಲ್ಲಿ ಕಪ್ಪುಗೆಂಪು ರಕ್ತ ಹೊರಗೆ. ಯಂತ್ರದಲ್ಲಿ ಆಮ್ಲಜನಕ ಕೂಡಿಸಿಕೊಂಡು ಇನ್ನೊಂದು ನಳಿಕೆಯಲ್ಲಿ ಕೆಂಪಗೆ ಹೊಳೆಯುತ್ತ ಒಳಗೆ. ನೀವು ಔಷಧದ ಮಂಪರಿನಲ್ಲಿ, ಬಾಯಲ್ಲಿ ಉಸಿರಿನ ನಳಿಕೆ. ನಿಮ್ಮ ತಂಗಿ ಗಾಜಿನ ಬಾಗಿಲಿಗೆ ಹಣೆ ಹಚ್ಚಿ ಅಳುತ್ತಿದ್ದಳು. ನಾನು — ಹೇಳಲು ನಾಚಿಕೆ — ಪಂಪು ನೋಡುತ್ತಿದ್ದೆ. ಇಷ್ಟು ದೊಡ್ಡ ಗಂಟಲಿನ ಮನುಷ್ಯನಿಗೆ ಇಷ್ಟು ಸಣ್ಣ ಪಂಪೇ!

“ಸಿಸ್ಟರ್, ಇದಕ್ಕ ಸ್ಟ್ಯಾಂಡ್‌ಬೈ ಎಲ್ಲೈತ್ರೀ?” ಎಂದು ಕೇಳಿದೆ. ಕಾರ್ಖಾನೆಯಲ್ಲಿ ಪಂಪಿನ ಪಕ್ಕ ಇನ್ನೊಂದು ಪಂಪು ಇರುತ್ತದೆ. ಮೊದಲನೆಯದು ರಿಪೇರಿಗೆ ಹೋದರೆ ಎರಡನೆಯದು ಭಾರ ಹೊರುತ್ತದೆ.

“ಅಜ್ಜಾರ, ಇದ ಸ್ಟ್ಯಾಂಡ್‌ಬೈ ರೀ. ಅಸಲಿ ಪಂಪು ಅವರ ಎದಿಯೊಳಗೈತಿ. ಅದು ಸುಧಾರಿಸಿದ ಮ್ಯಾಲ ಇದರ ಜೋರು ಸ್ವಲ್ಪ ಸ್ವಲ್ಪ ಕಡಿಮಿ ಮಾಡಿ, ಕೆಲಸಾ ಅದಕ್ಕ ವಾಪಸ್ ಕೊಡ್ತೇವಿ,” ಎಂದಳು ನರ್ಸ್.

ಅಜ್ಜಾರ ಅಂದದ್ದಕ್ಕೆ ಸಿಟ್ಟು ಬಂತು. ಆದರೆ ಮಾತು ಮನಸ್ಸಿಗೆ ನಾಟಿತು — ಅರ್ಧ ಮಾತ್ರ.

ಆ ಸೋಮವಾರ ಊರಿಗೆ ಬಂದು ಮುಂದಿನ ಚಾಪೆಯ ಮೇಲೆ ನಾನೇ ಕೂತೆ. ಮುಖ್ಯ ಪಂಪು ರಿಪೇರಿಯಲ್ಲಿದೆ, ಸ್ಟ್ಯಾಂಡ್‌ಬೈ ಓಡಲೇಬೇಕಲ್ಲ! ನಿಮ್ಮನ್ನು ನೆನೆದು ಜನ ಅತ್ತರು. ನನ್ನ ಹಾಡಿಗೆ ಅತ್ತರೆಂದು ನಾನು ತಿಳಿದೆ.

ನಿಮ್ಮ ಹೃದಯ ಚೇತರಿಸಿಕೊಂಡಿತು. ಯಂತ್ರ ತೆಗೆದರು, ಗಂಟಲಿನ ನಳಿಕೆಯೂ ಹೋಯಿತು. ಒಡಕು ದನಿಯಲ್ಲಿ ನೀವು ನನ್ನನ್ನು ಕೇಳಿದ ಮೊದಲ ಮಾತು ನೆನಪಿದೆಯೇ?

“ಭಜನಿ ಯಾರು ನಡಸಿದ್ರು?”

“ನಾನ ರೀ ಭಾವ.”

ಕಣ್ಣು ಮುಚ್ಚಿಕೊಂಡಿರಿ. ಎದೆ ನೋವೇನೋ ಎಂದು ಗಾಬರಿಯಿಂದ ಬಾಗಿದೆ. “ಬಸವಣ್ಣನ ಗತಿ ಏನಾತೋ ಪಾಪ... ಹೋಗ್ಲಿ, ನಾ ಬಂದೆ. ನೀವು ತಾಳಾ ಹಿಡೀರಿ ಇನ್ನ,” ಎಂದಿರಿ.

ಸಾವಿನ ಬಾಗಿಲಿಗೆ ಹೋಗಿ ಬಂದವರ ಮೇಲೆ ಸಿಟ್ಟಾಗಬಾರದು. ನಾನು ಆದೆ. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ —

“ಇಲ್ರೀ ಭಾವ. ನೀವು ಉಳೀಲಿ ಅಂತ ನಿಮ್ಮ ದನೀನ ಉಳವಿ ಚನ್ನಬಸವಣ್ಣಗ ಬಿಟ್ಟೇವಿ. ಇನ್ನ ಹಾಡಂಗಿಲ್ಲ. ಹರಕಿ ಮಾತು, ಯಾರ ಮುಂದೂ ಆಡಬ್ಯಾಡ್ರಿ.”

ಕಾಶಿಗೆ ಹೋದವರು ಇಷ್ಟದ ತರಕಾರಿ ಬಿಟ್ಟು ಬರುವುದಿಲ್ಲವೇ, ಇದೂ ಹಾಗೇ ಎಂದು ನೀವು ನಂಬಿದಿರಿ. ಸೂಜಿ ಚುಚ್ಚಿದ್ದ ಕೈ ಎತ್ತಿ ಮುಗಿದಿರಿ. ಆಗಲೇ ನಿಜ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ — ಅಷ್ಟರಲ್ಲಿ ಗಂಜಿಯ ಗಾಡಿ ಬಂತು...

ಮೂರು ವರ್ಷ ಹಾಡಿದೆ. ಜನ ಈಗ ನೇರವಾಗಿ ಮಂಗಳಾರತಿಗೇ ಬರುತ್ತಾರೆ. ಕೆಲವರು ಮುಗಿಯಿತೇ ಎಂದು ಹೊರಗಿನಿಂದ ಇಣುಕಿ ನೋಡಿ ಹೋಗುತ್ತಾರೆ. ನೀವು ಮಾತ್ರ ಕೊನೆಯವರೆಗೂ ಗೋಡೆಗೊರಗಿ ಕೂತು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತೀರಿ. ನಾನು ತಪ್ಪಿದ ಕಡೆಯೂ ನಿಮ್ಮ ಬೆರಳು ತಪ್ಪುವುದಿಲ್ಲ.

ಮೊನ್ನೆ ಮೂವರೂ ಮೌಳಂಗಿಯ ಹೊಳೆದಂಡೆಗೆ ಹೋಗಿದ್ದೆವಲ್ಲ. ನೀವು ನೀರಿನ ಹತ್ತಿರ ನಿಂತಿದ್ದಿರಿ, ನಾನು ಹಿಂದೆಯೇ ಇದ್ದದ್ದು ನಿಮಗೆ ತಿಳಿಯಲಿಲ್ಲ. ತತ್ವಪದದ ಒಂದು ಸಾಲು ತಾನಾಗಿ ನಿಮ್ಮ ಬಾಯಿಂದ ಹೊರಟಿತು — ತುಂಬಿದ ದನಿ, ಎಲ್ಲೂ ಒಡೆದಿರಲಿಲ್ಲ. ತಟ್ಟನೆ ಬಾಯಿ ಮುಚ್ಚಿಕೊಂಡು, ಬೆಲ್ಲ ಕದ್ದ ಹುಡುಗನ ಹಾಗೆ ಅತ್ತಿತ್ತ ನೋಡಿ, ಗಲ್ಲ ಗಲ್ಲ ಬಡಿದುಕೊಂಡಿರಿ. ತಪ್ಪಾಯಿತು ಎಂದು! ದೇವರಿಗೆ! ಆ ಏಟು ಬೀಳಬೇಕಾದದ್ದು ನನ್ನ ಗಲ್ಲಕ್ಕೆ.

ದೂರದಲ್ಲಿ ಬುತ್ತಿ ಬಿಚ್ಚುತ್ತಿದ್ದ ನಿಮ್ಮ ತಂಗಿಗೆ ಇದೊಂದೂ ಗೊತ್ತಾಗಲಿಲ್ಲ. ನಾನು ಹೋಗಿ ಕೂತ ಕೂಡಲೇ ಪಿಸುಗುಟ್ಟಿದಳು: “ಆ ನಳಿಗಿ ಹಾಕಿದ್ದಕ್ಕ ಅಣ್ಣನ ದನಿ ಹೋತು. ಕೇಳಿದ್ರ ನೊಂದಾನು ಅಂತ ಸುಮ್ಮನ ಅದೇನಿ. ಅಂವಾ ಬದುಕಿದ್ರ ಉಳವಿಗೆ ಕರಕೊಂಡು ಬಂದು ನಿನ್ನ ಮುಂದ ಹಾಡಸ್ತೇನಿ ಅಂತ ಚನ್ನಬಸವಣ್ಣಗ ಬೇಡಿಕೊಂಡಿದ್ದೆ. ಹೆಂಗ ತೀರಸ್ಲಿ ಹರಕೀನ?”

ಅವಳು ಹೊತ್ತ ಹರಕೆ ನೀವು ಹಾಡಬೇಕೆಂದು. ನಾನು ಕಟ್ಟಿದ ಹರಕೆ ನೀವು ಹಾಡಬಾರದೆಂದು. ಒಂದೇ ಮನೆಯಲ್ಲಿ.

ನಿಮ್ಮ ಹೃದಯಕ್ಕೆ ಧಕ್ಕೆಯಾದೀತೆಂದು ಇಷ್ಟು ದಿನ ಹೇಳಲಿಲ್ಲ ಎನ್ನಬಹುದು. ಅದೂ ಸುಳ್ಳೇ. ನಿಮ್ಮ ಹೃದಯ ಗಟ್ಟಿಯಿದೆ — ಮೂರು ವರ್ಷ ನನ್ನ ಹಾಡು ತಡೆದುಕೊಂಡಿದೆ. ನನಗೆ ಮುಂದಿನ ಚಾಪೆ ಬೇಕಾಗಿತ್ತು, ಅಷ್ಟೇ. ಆ ಸಣ್ಣ ಯಂತ್ರ ನಿಮ್ಮ ಕೆಲಸವನ್ನು ನಿಮಗೇ ಒಪ್ಪಿಸಿ ಮೂಲೆಗೆ ಸರಿಯಿತು. ಪಂಪುಗಳ ನಡುವೆಯೇ ಆಯುಷ್ಯ ಕಳೆದ ನನಗೆ ಅಷ್ಟು ಆಗಲಿಲ್ಲ.

ಇವತ್ತು ಸಂಜೆ ನಿಮ್ಮ ತಂಗಿಯನ್ನು ಕರೆದುಕೊಂಡು ಬಂದು, ಅವಳ ಎದುರಿಗೇ ಇದನ್ನೆಲ್ಲ ಓದಿ ಹೇಳುತ್ತೇನೆ. ಉಳವಿಗೆ ಗಾಡಿ ಹೇಳಿದ್ದೇನೆ. ಅದರಲ್ಲಿ ನನಗೆ ಜಾಗ ಇದೆಯೋ ಇಲ್ಲವೋ ನೀವೇ ಹೇಳಬೇಕು. ಸೋಮವಾರ ತಾಳ ಹಿಡಿದು ಹಿಂದೆ ಕೂಡುತ್ತೇನೆ. ಆದರೆ ಹಾಡುವ ಮೊದಲು ನನ್ನನ್ನು ಬೈಯಿರಿ ಭಾವ — ಬಂಗೂರನಗರದ ಆಚೆ ಮಗ್ಗುಲಿಗೂ ಕೇಳುವ ಹಾಗೆ ಬೈಯಿರಿ. ಮೂರು ವರ್ಷ ಮುಚ್ಚಿದ ಗಂಟಲು, ಮೊದಲು ಸ್ವಲ್ಪ ಕುದುರಬೇಕಲ್ಲ.