ಪಂಪ್ ಎಲ್ಲಿದೆ, ಮೇಡಂ?

ನಮ್ಮಕ್ಕನಿಗೆ ಕಾಲೇಜಿನ ಮಕ್ಕಳು ಇಟ್ಟ ಹೆಸರು 'ಎಲೆ ಮೇಡಂ'. ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವಳ ಬ್ಯಾಗಿಗೆ ಕೈ ಹಾಕಿದರೆ ಬಾಚಣಿಗೆ ಸಿಗುವ ಮೊದಲು ನಾಲ್ಕಾರು ಎಲೆ ಸಿಗುತ್ತವೆ. ಬಸ್ ಸ್ಟಾಪಿನ ಬೇಲಿಯಿಂದ ಕಿತ್ತವು, ಯಾರದೋ ಕಾಂಪೌಂಡಿನಿಂದ ಕೇಳದೆ ಕಿತ್ತವು. ಒಮ್ಮೆ ನಾನು ಇಸ್ತ್ರಿ ಮಾಡಿಟ್ಟ ಗಿರಾಕಿಯ ಬಿಳಿ ಅಂಗಿಯ ಮೇಲೆ ಹಸಿ ಎಲೆಯೊಂದನ್ನು ಮರೆತು ಹೋಗಿದ್ದಳು. ಆ ಕಲೆ ತೆಗೆಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ನಾನು ಅವಳ ತಂಗಿ, ಟೈಲರ್, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಧ್ಯದ ಕೋಣೆಯಲ್ಲಿ ಅಪ್ಪ, ಅಮ್ಮ. ಹಿಂದಿನ ಕೋಣೆಯಲ್ಲಿ ಅಕ್ಕ ಮತ್ತು ಅವಳ ಪುಸ್ತಕಗಳು. ಒಂದೇ ಸೂರಿನಡಿ ಇದ್ದು ಅವಳನ್ನು ಬರೀ ಹೊಗಳುವುದು ನನ್ನಿಂದ ಆಗದ ಕೆಲಸ.

ಅವಳು ಸಸ್ಯಶಾಸ್ತ್ರ ಓದಿದ್ದಕ್ಕೆ ಕಾರಣ ಒಂದು ಸೋರುವ ನಲ್ಲಿ. ಅಪ್ಪ ಪ್ಲಂಬರ್. ಅಕ್ಕ ಶಾಲೆ ಮುಗಿಸಿ ಕಾಲೇಜಿಗೆ ಅರ್ಜಿ ಹಾಕುವಾಗ ಗೆಳತಿಯರಂತೆ ತಾನೂ ವಾಣಿಜ್ಯ ಎಂದೇ ಬರೆದಿದ್ದಳು. ಅರ್ಜಿ ಕೊಡಲು ಜೊತೆಗೆ ಹೋಗಿದ್ದ ಅಪ್ಪನ ಹೆಗಲಿನ ಸ್ಪ್ಯಾನರ್ ಚೀಲ ನೋಡಿ ಆಫೀಸಿನವರು, ಹೇಗೂ ಬಂದಿದ್ದೀರಲ್ಲ, ಲ್ಯಾಬಿನ ನಲ್ಲಿ ಒಂದು ಸೋರುತ್ತಿದೆ, ನೋಡಿಬಿಡಿ ಎಂದರು. ಅಪ್ಪ ನಲ್ಲಿ ಬಿಚ್ಚುವಾಗ ಅಕ್ಕ ಕಿಟಕಿಯ ಬಳಿಯಿದ್ದ ಗಾಜಿನ ಲೋಟವನ್ನು ನೋಡುತ್ತ ನಿಂತಳು. ಲೋಟದಲ್ಲಿ ಕೆಂಪು ಶಾಯಿ ಬೆರೆಸಿದ ನೀರು, ನೀರಿನಲ್ಲಿ ಬಿಳಿ ಹೂವಿನದೊಂದು ದಂಟು. ಹೂವಿನ ಎಸಳುಗಳ ತುಂಬ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆಗಳು. ಅಲ್ಲಿದ್ದ ಮೇಷ್ಟ್ರು ನೀರು ಹೇಗೆ ಮೇಲೆ ಹತ್ತಿತೆಂದು ವಿವರಿಸತೊಡಗಿದರು. ನಲ್ಲಿಯ ಕೆಲಸ ಮುಗಿದರೂ ಅವರ ವಿವರಣೆ ಮುಗಿಯಲಿಲ್ಲ.

ಅಪ್ಪ ಕೈ ಒರೆಸಿಕೊಳ್ಳುತ್ತ ಬಂದು, ನೀರು ಮೇಲೆ ಹೋಗಬೇಕಾದರೆ ಪಂಪ್ ಬೇಕಲ್ಲ ಸಾರ್, ಇದರ ಪಂಪ್ ಎಲ್ಲಿದೆ ಎಂದು ಕೇಳಿದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು, ಉತ್ತರ ಹೇಳಲಿಲ್ಲ. ಅಕ್ಕ ಹೊರಗೆ ಬಂದವಳೇ ಅರ್ಜಿಯಲ್ಲಿ ವಾಣಿಜ್ಯ ಎಂಬುದನ್ನು ಹೊಡೆದುಹಾಕಿ ಸಸ್ಯಶಾಸ್ತ್ರ ಎಂದು ಬರೆದಳು. ಮಗಳು ವಿಷಯ ಬದಲಿಸಿದ್ದಕ್ಕೆ ಅಪ್ಪನಿಗೆ ಏನೂ ಅನ್ನಿಸಲಿಲ್ಲ, ಆ ನಗು ಮಾತ್ರ ಮನಸ್ಸಿಗೆ ನಾಟಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಪ್ರಶ್ನೆ ಹಾಗೇ ಉಳಿಯಿತು. ಅಕ್ಕ ಪದವಿ ಮುಗಿಸಿದಳು, ಅದರ ಮೇಲಿನದನ್ನೂ ಮುಗಿಸಿದಳು, ಕೊನೆಗೆ ಡಾಕ್ಟರೇಟನ್ನೂ ಪಡೆದಳು. ಪ್ರತಿ ಸಲವೂ ಅಪ್ಪ ಖುಷಿಯಿಂದ ಅವಳ ಬೆನ್ನು ತಟ್ಟಿ, ಈಗಲಾದರೂ ಪಂಪ್ ಸಿಕ್ಕಿತೇ ಎಂದು ಕೇಳುತ್ತಿದ್ದರು.

ಓದು ಮುಗಿದ ಮೇಲೆ ಅವಳು ಅತಿಥಿ ಉಪನ್ಯಾಸಕಿಯಾದಳು. ಹೆಸರಿಗೆ ಅತಿಥಿ, ಕೂರಲು ಒಂದು ಕುರ್ಚಿಗೂ ಗತಿಯಿಲ್ಲ. ಕಾಲೇಜು ತೆರೆದಾಗ ಕರೆಯುತ್ತಾರೆ, ಪರೀಕ್ಷೆ ಮುಗಿದಾಗ ಕೈಮುಗಿದು ಕಳಿಸುತ್ತಾರೆ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ನಡುವಿನ ಬಸ್ಸಿನಲ್ಲೇ ಊಟದ ಡಬ್ಬಿ ಖಾಲಿ. ಮಕ್ಕಳಿಗೆ ಮಾತ್ರ ಅವಳೆಂದರೆ ಪ್ರಾಣ. ನನ್ನ ಹತ್ತಿರ ಬಟ್ಟೆ ಹೊಲಿಸಲು ಬರುವ ಹುಡುಗಿಯರು ಅಳತೆ ಕೊಡುವುದು ಬಿಟ್ಟು ಎಲೆ ಮೇಡಂ ಒಳಗಿದ್ದಾರಾ ಎಂದು ಇಣುಕುತ್ತಿದ್ದರು.

ಇಷ್ಟಿದ್ದೂ ಖಾಯಂ ಕೆಲಸ ಮಾತ್ರ ಕೈಗೆ ಹತ್ತಲಿಲ್ಲ. ಅರ್ಜಿ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಅರ್ಜಿಗಳೆಲ್ಲ ಸಲೀಸಾಗಿ ದಾಟುತ್ತಿದ್ದವು, ಸಂದರ್ಶನಕ್ಕೆ ಕರೆಯೂ ಬರುತ್ತಿತ್ತು. ಎಡವುತ್ತಿದ್ದದ್ದು ಡೆಮೊ ಕ್ಲಾಸಿನಲ್ಲಿ. ಈ ಡೆಮೊ ಕ್ಲಾಸ್ ಎನ್ನುವುದು ಒಂದು ವಿಚಿತ್ರ. ತಲೆ ನರೆತ ನಾಲ್ಕೈದು ಮಂದಿ ಮೇಜಿನ ಹಿಂದೆ ಕೂತು, ನಾವೇ ವಿದ್ಯಾರ್ಥಿಗಳು ಅಂದುಕೊಂಡು ಪಾಠ ಮಾಡಿ ಎನ್ನುತ್ತಾರೆ. ಅವರ ಮುಖ ನೋಡಿದ್ದೇ ತಡ, ಅಕ್ಕನ ಬಾಯಿಂದ ಬರೀ ಪುಸ್ತಕದ ಸಾಲುಗಳು ಹೊರಬೀಳುತ್ತಿದ್ದವು. ಕೊನೆಯ ಸಲ ಸಮಿತಿಯ ಹೆಂಗಸೊಬ್ಬರು ಬಾಗಿಲ ತನಕ ಬಂದು, ತಪ್ಪು ತಿಳಿಯಬೇಡಿ, ನೀವು ಹೇಳಿದ್ದೆಲ್ಲ ಸರಿಯಾಗೇ ಇತ್ತು, ಯಾರಿಗೆ ಹೇಳ್ತಿದ್ದೀರಿ ಅನ್ನೋದೇ ತಿಳೀಲಿಲ್ಲ ಎಂದಿದ್ದರಂತೆ. ಅಕ್ಕ ಮನೆಗೆ ಬಂದು ಅದನ್ನು ಹೇಳಿ, ಊಟ ಬೇಡವೆಂದು ಮಲಗಿಬಿಟ್ಟಳು.

ಆಮೇಲೆ ಪೇಟೆಯ ಆ ತುದಿಯ ದೊಡ್ಡ ಕಾಲೇಜಿನ ಜಾಹೀರಾತು ಬಂತು. ಸಸ್ಯಶಾಸ್ತ್ರಕ್ಕೆ ಒಂದೇ ಹುದ್ದೆ. ಮುಂದಿನ ಹುಟ್ಟುಹಬ್ಬಕ್ಕೆ ಅಕ್ಕನ ವಯಸ್ಸು ಅರ್ಜಿಯ ಮಿತಿ ದಾಟುತ್ತಿತ್ತು. ಇದು ತಪ್ಪಿದರೆ ಕೂದಲು ಬೆಳ್ಳಗಾಗುವವರೆಗೂ ಅವಳು ಅತಿಥಿಯೇ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ನನ್ನದು ಸುಮ್ಮನೆ ಕೂರುವ ಸ್ವಭಾವವಲ್ಲ, ಅದಕ್ಕೆ ಸಂದರ್ಶನದ ಕರೆ ಬಂದ ದಿನವೇ ಸಂಜೆಯಿಂದ ನಮ್ಮ ಮನೆಯಲ್ಲೇ ಕ್ಲಾಸ್ ನಡೆಯಬೇಕೆಂದು ಅಪ್ಪಣೆ ಹೊರಡಿಸಿದೆ.

ನನ್ನ ಬಟ್ಟೆಯ ಬೀರುವಿನ ಕಪ್ಪು ಬಾಗಿಲೇ ಬೋರ್ಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವೇ ಚಾಕ್‌ಪೀಸು. ಸೊಪ್ಪು ಬಿಡಿಸುವ ತಟ್ಟೆಯೊಡನೆ ಅಮ್ಮ ಮುಂದಿನ ಬೆಂಚಿಗೆ. ಅಪ್ಪ ಹೊಲಿಗೆ ಯಂತ್ರದ ಹಿಂದಿನ ಸ್ಟೂಲಿಗೆ, ಅಂದರೆ ಹಿಂದಿನ ಬೆಂಚಿಗೆ. ಅಳತೆ ಕೊಡಲು ಬಂದವರನ್ನೂ ನಾನು ಬಿಡಲಿಲ್ಲ, ಹಿಡಿದು ಕೂರಿಸಿದೆ. ಎಲ್ಲರೂ ನಿಜವಾದ ವಿದ್ಯಾರ್ಥಿಗಳಂತೆ ಇರಬೇಕು, ಅಂದರೆ ತಕ್ಕಮಟ್ಟಿಗೆ ಕೆಟ್ಟದಾಗಿ ನಡೆದುಕೊಳ್ಳಬೇಕು ಎಂದು ಕಟ್ಟಪ್ಪಣೆ ಮಾಡಿದೆ.

ಮೊದಲ ಸಂಜೆ ಅಕ್ಕ ಬಾಷ್ಪವಿಸರ್ಜನೆ ಎಂದು ಶುರು ಮಾಡಿದಳು. ಅದು ಯಾವ ಕಾಯಿಲೆ ಎಂದು ಅಮ್ಮ ಕೇಳಿದಳು. ಎರಡನೆಯ ಸಂಜೆ ಅಮ್ಮ ಅದನ್ನೂ ಕೇಳಲಿಲ್ಲ, ತೂಕಡಿಸಿದಳು. ಅಪ್ಪನಂತೂ ತಮ್ಮ ಪಾತ್ರದಲ್ಲಿ ಮುಳುಗಿಯೇ ಹೋಗಿದ್ದರು. ಜೋರಾಗಿ ಆಕಳಿಸುವರು, ಕಿಟಕಿಯಾಚೆ ಹೋಗುವವರಿಗೆ ಕೈ ಬೀಸುವರು, ಮಧ್ಯೆ ಮಧ್ಯೆ ಎದ್ದು ನಿಂತು, ಪಂಪ್ ಎಲ್ಲಿದೆ ಮೇಡಂ ಎನ್ನುವರು. ಒಂದು ಸಂಜೆ ಫೋನಿನಲ್ಲಿ ಯಾವುದೋ ಹಾಸ್ಯದ ವಿಡಿಯೊ ಹಾಕಿ ಕಿಸಕಿಸನೆ ನಗತೊಡಗಿದರು. ಅಕ್ಕ ಬೋರ್ಡಿನಿಂದ ತಿರುಗಿದಳು. ಅವಳ ಕಣ್ಣು ಕೆಂಪಗಾಗಿತ್ತು.

"ಹಿಂದಿನ ಬೆಂಚು, ಫೋನ್ ಒಳಗಿಡಿ."

ಅಪ್ಪ ಗಾಬರಿಯಾಗಿ ಫೋನನ್ನು ಜೇಬಿಗೆ ತುರುಕಿ ಕೈಕಟ್ಟಿ ಕೂತರು. ಅಮ್ಮನ ನಿದ್ದೆ ಹಾರಿತು. ನನಗೆ ನಗು ತಡೆಯಲಾಗಲಿಲ್ಲ, ಆದರೆ ಅಕ್ಕ ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ನೇರವಾಗಿ ಅಪ್ಪನ ಎದುರು ಬಂದು ನಿಂತಳು.

"ಪಂಪ್ ಕೆಳಗೆ ಹುಡುಕ್ತಾ ಇದ್ದೀರಲ್ಲ, ಅದಕ್ಕೇ ನಿಮಗೆ ಸಿಗ್ತಿಲ್ಲ. ಪಂಪ್ ಮೇಲಿದೆ. ಬಿಸಿಲೇ ಪಂಪ್. ಎಲೆಯಿಂದ ಒಂದು ಹನಿ ಆವಿಯಾಗಿ ಹೋಗುವಾಗ ಹಿಂದಿನ ಹನೀನ ಎಳ್ಕೊಳ್ಳತ್ತೆ, ಅದು ಅದರ ಹಿಂದಿನದನ್ನ. ಹೀಗೆ ಬೇರಿನ ತನಕ. ನೀರು ಒಂದನ್ನೊಂದು ಬಿಡಲ್ಲ."

ಅಪ್ಪ, ಮೇಲಿಂದ ಎಳೆಯುವ ಪಂಪು ಮೂವತ್ತಡಿಗಿಂತ ಹೆಚ್ಚು ಎಳೆಯದು, ಎಷ್ಟು ಬಾವಿಗೆ ಇಳಿಸಿ ನೋಡಿದ್ದೇನೆ, ಮರ ಅರವತ್ತಡಿ ಇರುತ್ತದಲ್ಲ ಎಂದರು. ಅಕ್ಕನ ಮುಖ ಅರಳಿತು. ಅಪ್ಪನ ಪೈಪು ಅಗಲ, ಅದರಲ್ಲಿ ನೀರಿನ ಸಾಲು ಕಡಿದುಹೋಗುತ್ತದೆ. ಮರದ ಪೈಪು ಕೂದಲಿಗಿಂತ ಸಣ್ಣದು, ಅಲ್ಲಿ ಗಾಳಿಗೆ ಜಾಗವಿಲ್ಲ, ಸಾಲು ಕಡಿಯುವುದಿಲ್ಲ ಎಂದು ನನ್ನ ದಾರದ ಉಂಡೆ ತೆಗೆದುಕೊಂಡು ವಿವರಿಸಿದಳು. ಉಂಡೆಯೆಲ್ಲ ಸಿಕ್ಕುಗಟ್ಟಿತು. ಅಪ್ಪ ಪೂರ್ತಿ ಒಪ್ಪಲಿಲ್ಲ, ನೋಡೋಣ ಎಂದರು. ಆ ದಿನದಿಂದ ಅವಳ ಪಾಠದ ಧಾಟಿಯೇ ಬದಲಾಯಿತು. ದಿನವೂ ಅಪ್ಪ ಹೊಸ ತಕರಾರು ತೆಗೆಯುವರು, ದಿನವೂ ಅವಳು ಹೊಸ ದಾರಿಯಲ್ಲಿ ಬರುವಳು. ಹಿಂದಿನ ಬೆಂಚಿನ ಫೋನಿಗೂ ದಿನಕ್ಕೊಮ್ಮೆ ಬೈಗುಳ ತಪ್ಪುತ್ತಿರಲಿಲ್ಲ.

ಸಂದರ್ಶನದ ದಿನ ನಾನು ಹೊಲಿದುಕೊಟ್ಟ ಹೊಸ ಬಟ್ಟೆ ಹಾಕಿಕೊಂಡು ಹೋದಳು. ಮಧ್ಯಾಹ್ನ ವಾಪಸು ಬಂದು, ಚಪ್ಪಲಿ ಬಿಟ್ಟು, ನನ್ನ ಯಂತ್ರದ ಪಕ್ಕ ನೆಲದ ಮೇಲೆ ಕೂತಳು.

"ಮುಗೀತು ಕಣೆ," ಎಂದಳು.

ನಾನು ಯಂತ್ರ ನಿಲ್ಲಿಸಿದೆ. ಅಪ್ಪ, ಅಮ್ಮ ಇಬ್ಬರೂ ಒಳಗಿನಿಂದ ಬಂದರು. ಅವಳು ನಡೆದದ್ದನ್ನು ಹೇಳಿದಳು. ಮೇಜಿನ ಹಿಂದೆ ಐದು ಜನ, ನಡುವೆ ಪ್ರಿನ್ಸಿಪಾಲರು. ಮೊದಲ ನಿಮಿಷ ಎಂದಿನಂತೆ ಪುಸ್ತಕವೇ ಹೊರಬಿತ್ತು. ಅಷ್ಟರಲ್ಲಿ ತುದಿಯಲ್ಲಿದ್ದ ಹಿರಿಯ ಹೆಂಗಸು ತೂಕಡಿಸುವುದು ಕಂಡಿತು. ನಮ್ಮಮ್ಮನೇ ಬಂದು ಕೂತಂತಾಗಿ ಅಕ್ಕನ ಭಯ ಹೋಯಿತು, ಪಾಠ ತಾನಾಗಿ ಹರಿಯತೊಡಗಿತು. ನಮ್ಮ ಮನೆಯಲ್ಲೊಬ್ಬರು ಪ್ಲಂಬರ್ ಇದ್ದಾರೆ, ಅವರು ಇದನ್ನು ಒಪ್ಪುವುದಿಲ್ಲ ಎಂದು ಅಪ್ಪನ ಮೂವತ್ತಡಿಯನ್ನೂ ಹೇಳಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು, ಪ್ರಿನ್ಸಿಪಾಲರು ಮೇಜಿನ ಕೆಳಗೆ ಫೋನ್ ನೋಡದೇ ಇದ್ದಿದ್ದರೆ.

"ಬಾಯಿ ತಪ್ಪಿ ಬಂದುಬಿಡ್ತು. ಹಿಂದಿನ ಬೆಂಚು, ಫೋನ್ ಒಳಗಿಡಿ ಅಂದೆ."

ಆಮೇಲೆ ಏನಾಯಿತೆಂದು ನಾನೇ ಕೇಳಿದೆ. ಪ್ರಿನ್ಸಿಪಾಲರು ಫೋನನ್ನು ಜೇಬಿಗಿಟ್ಟರಂತೆ. ಅಷ್ಟಕ್ಕೇ ಕ್ಷಮೆ ಕೇಳಿ ಮುಗಿಸಬೇಕಿತ್ತು, ಆದರೆ ಕ್ಲಾಸಿನ ಭರದಲ್ಲಿ ನಮ್ಮಕ್ಕ ಅವರನ್ನೇ ಎಬ್ಬಿಸಿ, ಈಗ ಹೇಳಿ, ನೀರನ್ನು ಮೇಲೆ ಎಳೆಯುವವರು ಯಾರು ಎಂದು ಪ್ರಶ್ನೆ ಬೇರೆ ಕೇಳಿದ್ದಳು. ಅವರು ಪಾಪ ಇತಿಹಾಸದವರು, ಬೇರು ತಳ್ಳುತ್ತದೆ ಎಂದರು. ಅಲ್ಲ, ಇನ್ನೊಂದು ಸಲ ಯೋಚನೆ ಮಾಡಿ ಎಂದಳಂತೆ ಇವಳು. ಪಾಠ ಮುಗಿದ ಮೇಲೆ ಸಮಿತಿಯವರು ಒಂದು ಪ್ರಶ್ನೆಯನ್ನೂ ಕೇಳದೆ, ನೀವಿನ್ನು ಹೊರಡಬಹುದು ಎಂದಿದ್ದರು.

ಅಪ್ಪನ ಮುಖ ಬಾಡಿಹೋಯಿತು. ತಾವು ಸುಮ್ಮನೆ ಕೂತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಗೊಣಗಿ ಫೋನನ್ನು ಬೀರುವಿನ ಮೇಲಿಟ್ಟವರು ಎರಡು ದಿನ ಅದನ್ನು ಮುಟ್ಟಲಿಲ್ಲ. ನನಗೆ ಇಡೀ ಲೋಕದ ಮೇಲೆ ಸಿಟ್ಟು ಬಂದಿತ್ತು, ಮೊದಲು ಆ ಪ್ರಿನ್ಸಿಪಾಲರ ಮೇಲೆ, ಆಮೇಲೆ ಅಕ್ಕನ ಮೇಲೆ, ಕ್ಲಾಸ್ ಶುರು ಮಾಡಿಸಿದ ನನ್ನ ಮೇಲೂ. ವಿಚಿತ್ರವೆಂದರೆ ಅಕ್ಕ ಊಟ ಬಿಡಲಿಲ್ಲ. ಮರುದಿನ ಎಂದಿನಂತೆ ಬ್ಯಾಗು ಹೆಗಲಿಗೇರಿಸಿದಳು.

"ಅಳಬೇಕು ಅನ್ನಿಸ್ತಿಲ್ಲ ಕಣೆ," ಎಂದಳು ಬಾಗಿಲಲ್ಲಿ ನಿಂತು. "ಇಷ್ಟು ವರ್ಷ ಆ ರೂಮುಗಳಲ್ಲಿ ಬರೀ ಪರೀಕ್ಷೆ ಕೊಟ್ಟು ಬಂದೆ. ನಿನ್ನೆ ಮೊದಲ ಸಲ ಪಾಠ ಮಾಡ್ದೆ."

ಮುಂದಿನ ರಜೆಯ ದಿನ ಮಧ್ಯಾಹ್ನ ಅವಳು ನನ್ನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಅವಳ ಫೋನ್ ಬಡಿದುಕೊಂಡಿತು. ಅವಳ ಕೈಯಲ್ಲಿ ಸೂಜಿ ಇದ್ದುದರಿಂದ ನಾನೇ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟೆ.

"ನಮಸ್ಕಾರ ಮೇಡಂ, ನಾನು ಹಿಂದಿನ ಬೆಂಚಿನವನು," ಎಂದಿತು ಒಂದು ಗಂಡು ದನಿ. "ಈಗ ಫೋನ್ ಹೊರಗೆ ತೆಗ್ದಿದ್ದೀನಿ. ಪರವಾಗಿಲ್ಲ ತಾನೆ?"

ಅಕ್ಕನ ಬೆರಳಿಗೆ ಸೂಜಿ ಚುಚ್ಚಿತು. ಪ್ರಿನ್ಸಿಪಾಲರು ನಿಧಾನವಾಗಿ ಮಾತಾಡಿದರು. ಅವತ್ತು ಬಂದವರೆಲ್ಲ ಸಮಿತಿಗೆ ಪಾಠ ಒಪ್ಪಿಸಿ ಹೋದರು, ನೀವೊಬ್ಬರೇ ನಮ್ಮನ್ನು ವಿದ್ಯಾರ್ಥಿಗಳು ಅಂದುಕೊಂಡದ್ದು ಎಂದರು. ಐದೂ ಜನ ಒಪ್ಪಿದ್ದಾರೆ, ನೇಮಕದ ಆದೇಶ ಈ ವಾರ ಮನೆಗೆ ಬರುತ್ತದೆ ಎಂದರು. ಅಕ್ಕ ಹೂಂ, ಹೂಂ ಎನ್ನುತ್ತಲೇ ಇದ್ದಳು. ಫೋನ್ ಇಡುವ ಮೊದಲು ಅವರು, ಅಂದ ಹಾಗೆ ಆ ಪ್ಲಂಬರ್ ಈಗಲಾದರೂ ಒಪ್ಪಿದರೇ ಎಂದು ವಿಚಾರಿಸಿದರು.

ಅಪ್ಪ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ, "ಇನ್ನೂ ಇಲ್ಲ ಸಾರ್," ಎಂದು ಅಲ್ಲಿಂದಲೇ ಉತ್ತರ ಕೊಟ್ಟರು. ಆ ಕಡೆಯಿಂದ ನಗು ಕೇಳಿಸಿತು. ಅಪ್ಪನೂ ನಕ್ಕರು, ಆ ನಗು ಅವರಿಗೆ ಬೇಸರ ತರಲಿಲ್ಲ.

ಅಮ್ಮ ಅಕ್ಕನನ್ನು ತಬ್ಬಿಕೊಂಡು ಅತ್ತಳು. ನಾನು ಅಳುವವಳಲ್ಲ, ಆದರೂ ಹೊಲಿಗೆ ಎಲ್ಲೆಲ್ಲೋ ಹೋಗಿ ಒಂದು ತೋಳನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಅಕ್ಕ ಮಾತ್ರ ಬೆರಳು ಬಾಯಲ್ಲಿಟ್ಟುಕೊಂಡು ಹಾಗೇ ಕೂತಿದ್ದಳು. ಅಕ್ಕಪಕ್ಕದವರು ಬಂದು ಹೋದರು. ಸಂಜೆಯ ಹೊತ್ತಿಗೆ ಮನೆ ತಣ್ಣಗಾಯಿತು. ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಅಪ್ಪ ಬಂದು ಆ ಹಿಂದಿನ ಸ್ಟೂಲಿನ ಹತ್ತಿರ ನಿಂತರು.

"ಕೆಲಸ ಸಿಕ್ತಲ್ಲಮ್ಮ," ಎಂದರು. "ಇನ್ನು ನಮಗೆ ಪಾಠ ಇಲ್ವಾ?"

ಅಕ್ಕ ಅವರ ಮುಖ ನೋಡಿದಳು. ಇಡೀ ದಿನ ಬಾರದ ಅಳು ಅವಳಿಗೆ ಆಗ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಮೂಗೆಳೆದುಕೊಂಡು, ನನ್ನ ಮೇಜಿನ ಮೇಲಿಂದ ಸೀಮೆಸುಣ್ಣ ಎತ್ತಿಕೊಂಡಳು. ಅಪ್ಪ ಸ್ಟೂಲಿನ ಮೇಲೆ ಕೂತು, ಯಾರೂ ಹೇಳದೆಯೇ ಫೋನನ್ನು ಜೇಬಿಗೆ ಹಾಕಿಕೊಂಡರು. ಅಮ್ಮ ಸೊಪ್ಪಿನ ತಟ್ಟೆ ಹಿಡಿದು ಮುಂದಿನ ಬೆಂಚಿಗೆ ಬಂದಳು.