ಹದಿನಾಲ್ಕನೇ ಮರಿಯ ಸದ್ದು

ಬೆಳಗಿನ ನಾಲ್ಕು ಮುಕ್ಕಾಲು. ಡುವಾಲ್ ಊರಿನಾಚೆ, ಮಣ್ಣುರಸ್ತೆ ಕಾಡಿಗೆ ಮುಟ್ಟಿ ನಿಲ್ಲುವ ಕಡೆ, ಫ್ಲಾವಿಯಾ ಮೊಂತೇರೊ ಪಿಕಪ್ಪಿನ ಹಿಂಬದಿಗೆ ಹತ್ತಿ ಆಂಟೆನಾವನ್ನು ತಲೆಯ ಮೇಲೆತ್ತಿ ಹಿಡಿದಿದ್ದಾರೆ. ಸೊಂಟದ ರಿಸೀವರ್‌ನಲ್ಲಿ ಒಂದೊಂದೇ ಮರಿಯ ಸಂಖ್ಯೆ ಒತ್ತಿ ಕಿವಿಗೊಡುತ್ತಾರೆ. ಹನ್ನೊಂದು: ನಿಧಾನವಾದ ಟಿಕ್, ಟಿಕ್. ಹನ್ನೆರಡು: ನಿಧಾನ. ಹದಿಮೂರಕ್ಕೆ ಸದ್ದಿಲ್ಲ, ಅದು ಹೋದ ವಾರವೇ ಸತ್ತಿದೆ, ಅದರ ರೇಡಿಯೋ ಆರಿಸಿಟ್ಟಿದ್ದಾರೆ. ಹದಿನಾಲ್ಕು ಒತ್ತುತ್ತಾರೆ. ಸದ್ದು ಬರುತ್ತದೆ. ಬೇಗ ಬೇಗ ಬರುತ್ತದೆ.

ಫ್ಲಾವಿಯಾ ಮತ್ತೊಮ್ಮೆ ಒತ್ತುತ್ತಾರೆ. ಅದೇ.

ಜಿಂಕೆಮರಿಯ ಕೊರಳಿಗೆ ಕಟ್ಟುವ ಪಟ್ಟಿಯಲ್ಲಿ ಬೆರಳಿನ ಗಾತ್ರದ ರೇಡಿಯೋ ಇರುತ್ತದೆ. ಮರಿ ಅಲುಗಾಡುವಷ್ಟು ಕಾಲ ಅದು ನಿಧಾನವಾಗಿ ಮಿಡಿಯುತ್ತದೆ. ನಾಲ್ಕು ಗಂಟೆ ಕಾಲ ಪಟ್ಟಿ ಒಂದಿಷ್ಟೂ ಅಲುಗದಿದ್ದರೆ ಮಿಡಿತ ದುಪ್ಪಟ್ಟಾಗುತ್ತದೆ. ಸತ್ತ ಮೇಲೆ ಬಡಿತ ಜೋರಾಗುವುದು ಇಲ್ಲಿ ಮಾತ್ರ. ಆ ಜೋರು ಬಡಿತ ಕೇಳಿದ ಕೂಡಲೇ ಕಾಡಿಗೆ ನುಗ್ಗಿ, ಮರಿಯ ಹೆಣ ಹುಡುಕಿ, ಕೊಂದದ್ದು ಯಾರು ಎಂದು ಬರೆದುಕೊಂಡು ಬರುವುದು ಫ್ಲಾವಿಯಾರ ಕೆಲಸ. ತಡವಾದರೆ ಹಲ್ಲಿನ ಗುರುತೂ ಉಳಿಯುವುದಿಲ್ಲ.

ಇಂದಿನ ಸದ್ದಿನಲ್ಲಿ ಇನ್ನೊಂದು ವಿಷಯವಿದೆ. ಅದು ಮಂಕಾಗಿದೆ. ಬಾಯಿಗೆ ಬಟ್ಟೆ ಒತ್ತಿದಂತೆ ಕೇಳುತ್ತಿದೆ.

"ಮಣ್ಣೊಳಗೆ ಉಂಟು," ಎನ್ನುತ್ತಾರೆ ಫ್ಲಾವಿಯಾ, ತಮಗೆ ತಾವೇ.

ಈ ಬೆಟ್ಟಗಳಲ್ಲಿ ತನ್ನ ಬೇಟೆಯನ್ನು ಎಲೆ, ಮಣ್ಣು ಎಳೆದು ಮುಚ್ಚಿಡುವ ಪ್ರಾಣಿ ಒಂದಿದೆ. ಕೂಗರ್. ಕಂದುಬಣ್ಣದ, ಮನುಷ್ಯನಷ್ಟು ತೂಕದ ಬೆಕ್ಕು. ಅರ್ಧ ತಿಂದು ಮುಚ್ಚಿಟ್ಟದ್ದನ್ನು ಬಿಟ್ಟು ಅದು ಬಹಳ ದೂರ ಹೋಗುವುದಿಲ್ಲ. ಎಲ್ಲೋ ಹತ್ತಿರದಲ್ಲೇ ಮಲಗಿ ಕಾಯುತ್ತದೆ.

ಫ್ಲಾವಿಯಾರಿಗೆ ನಲವತ್ತೆರಡು. ಊರು ಕಿನ್ನಿಗೋಳಿ. ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸವಿದ್ದ ರಾಯ್ಸ್ಟನ್‌ರನ್ನು ಮದುವೆಯಾಗಿ ಕಡಲು ದಾಟಿ ಈ ದೇಶಕ್ಕೆ ಬಂದರು. ಏಳು ವರ್ಷ ರೆಂಟನ್‌ನ ಗೋದಾಮಿನಲ್ಲಿ ಪೆಟ್ಟಿಗೆ ವಿಂಗಡಿಸಿದರು. ಅಲ್ಲಿಯ ಸೂಚನಾಫಲಕದಲ್ಲಿ ಯಾರೋ ಅಂಟಿಸಿದ್ದ ಒಂದು ಚೀಟಿ ಅವರನ್ನು ಈ ಕಾಡಿಗೆ ತಂದಿತು: ಜಿಂಕೆಮರಿಗಳ ಅಧ್ಯಯನಕ್ಕೆ ನಡೆಯಬಲ್ಲವರು ಬೇಕಾಗಿದ್ದಾರೆ.

ನಡೆಯುತ್ತಾರೆ. ದಿನಕ್ಕೆ ಹದಿನಾಲ್ಕು, ಹದಿನೈದು ಕಿಲೋಮೀಟರ್, ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಸೊಂಟದೆತ್ತರದ ಜರೀಗಿಡಗಳ ನಡುವೆ. ಇದು ನಾಲ್ಕನೇ ವರ್ಷ. ಈ ಸಲ ಹತ್ತೊಂಬತ್ತು ಮರಿಗಳಿಗೆ ಪಟ್ಟಿ ಕಟ್ಟಿದ್ದಾರೆ, ಜೂನ್ ಮುಗಿಯುವ ಮೊದಲೇ ಆರು ಸತ್ತಿವೆ. ಎರಡು ಕಾರಿಗೆ ಸಿಕ್ಕಿದವು. ಎರಡನ್ನು ನರಿಯಂಥ ಕಯೋಟಿ ತಿಂದಿತು, ಒಂದನ್ನು ಕೂಗರ್. ಆರನೆಯದನ್ನು ಕೊಂದದ್ದು ವಾಕಿಂಗ್‌ಗೆ ಬಂದವರು ಸರಪಳಿ ಬಿಚ್ಚಿ ಬಿಟ್ಟ ಮನೆನಾಯಿ. ಆಡಲು ಹೋಗಿತ್ತಂತೆ.

"ಹೆದರಿಕೆ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ," ಎನ್ನುತ್ತಾರೆ. "ಉಂಟು. ಆದ್ರೆ ಬೆಕ್ಕಿನದ್ದಲ್ಲ. ಮೊದಲನೇ ವರ್ಷ ಒಂದು ಮರಿ ತೂಕ ಮಾಡಿ ಇಟ್ಟು ಬಂದೆ. ಒಂದು ಗಂಟೆ ಆಗ್ಲಿಲ್ಲ, ಕಯೋಟಿ ಬಂದು ತಕೊಂಡು ಹೋಯ್ತು. ನನ್ನ ಹೆಜ್ಜೆ ಹಿಡಿದೇ ಬಂದದ್ದಾ ಅಂತ ಗೊತ್ತಿಲ್ಲ. ಯಾರಿಗೂ ಗೊತ್ತಾಗುದಿಲ್ಲ. ಅದೇ ಹೆದರಿಕೆ."

ಎಳೆಯ ಮರಿಗೆ ಮೈವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯರಿಗೆ ಬೇಕಾದಷ್ಟಿದೆ. ಹಾಗಾಗಿ ಫ್ಲಾವಿಯಾ ಕೈಗವಸಿಗೆ ಜರೀಸೊಪ್ಪು, ಮಣ್ಣು ಉಜ್ಜಿಕೊಳ್ಳುತ್ತಾರೆ. ಮರಿಯ ಹತ್ತಿರ ನೇರವಾಗಿ ಹೋಗುವುದಿಲ್ಲ, ಪಕ್ಕದಲ್ಲಿ ಹಾದುಹೋಗುವವರ ಹಾಗೆ ನಡೆಯುತ್ತಾರೆ. ಹೋದ ದಾರಿಯಲ್ಲಿ ತಿರುಗಿ ಬರುವುದಿಲ್ಲ. ಇದನ್ನೆಲ್ಲ ಕಲಿಸಿದ್ದು ಒಬ್ಬ ಬೇಟೆಗಾರ.

ಆ ಬೇಟೆಗಾರ ಈಗ ಎಲೆಬಣ್ಣದ ಬೇಟೆಯ ಬಟ್ಟೆ ತೊಟ್ಟು ತನ್ನ ಹಳೆಯ ಜೀಪಿನಿಂದ ಇಳಿಯುತ್ತಿದ್ದಾನೆ. ಡೇಲ್‌ಗೆ ಅರವತ್ತೆಂಟು. ಮೂವತ್ತು ವರ್ಷ ವಿಮಾನದ ರೆಕ್ಕೆಗಳಿಗೆ ರಿವೆಟ್ ಮೊಳೆ ಹೊಡೆದು ಕಿವಿ ಮುಕ್ಕಾಲು ಹೋಗಿದೆ, ರಿಸೀವರ್‌ನ ಸದ್ದು ಕೇಳಿಸುವುದಿಲ್ಲ. ಕಣ್ಣು ಮಾತ್ರ ಹದ್ದಿನದು. ಬಿಲ್ಲು ಬಾಣ ಹಿಡಿದು ಪ್ರತಿ ಶರತ್ಕಾಲದಲ್ಲಿ ಇದೇ ಕಾಡಿನಲ್ಲಿ ಕೂರುತ್ತಾನೆ, ಬೇಸಿಗೆಯಲ್ಲಿ ಬರಿಗೈಲಿ ಫ್ಲಾವಿಯಾರ ಜೊತೆ ನಡೆಯುತ್ತಾನೆ. ಅವನಂಥ ಹನ್ನೆರಡು ಬೇಟೆಗಾರರು ಈ ಅಧ್ಯಯನಕ್ಕೆ ಹೆಗಲು ಕೊಟ್ಟಿದ್ದಾರೆ. ತಾವು ಹೊಡೆದ ಜಿಂಕೆಯ ಹಲ್ಲನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ, ಅದರಿಂದ ವಯಸ್ಸು ತಿಳಿಯುತ್ತದೆ.

ಫ್ಲಾವಿಯಾ ಎರಡು ಬೆರಳು ಎತ್ತಿ ಬೇಗ ಬೇಗ ಆಡಿಸುತ್ತಾರೆ, ಆಮೇಲೆ ಅಂಗೈಯನ್ನು ನೆಲಕ್ಕೆ ಒತ್ತಿದಂತೆ ಮಾಡುತ್ತಾರೆ. ಡೇಲ್ ತಲೆಯಾಡಿಸಿ ಮೆಣಸಿನ ಸ್ಪ್ರೇ ಡಬ್ಬಿಯ ಬೀಗ ತೆಗೆಯುತ್ತಾನೆ.

ಇಬ್ಬರೂ ಒಳಗೆ ಹೋಗುತ್ತಾರೆ. ಅವನು ಮುಂದೆ, ಅವರು ಹಿಂದೆ. ಮಂಜು ಮರಗಳ ಅರ್ಧಕ್ಕೆ ಇಳಿದಿದೆ. ಹಕ್ಕಿಗಳ ಸದ್ದಿಲ್ಲ, ಅದು ಒಳ್ಳೆಯ ಲಕ್ಷಣವಲ್ಲ. ಹತ್ತು ಹೆಜ್ಜೆಗೊಮ್ಮೆ ಡೇಲ್ ನಿಂತು ತಲೆಯ ಮೇಲಿನ ಕೊಂಬೆಗಳನ್ನು ನೋಡುತ್ತಾನೆ. ಫ್ಲಾವಿಯಾ ಹಿಂದೆ ತಿರುಗಿ ನೋಡುತ್ತಾರೆ, ಕೂಗರ್ ಬರುವುದು ಹಿಂದಿನಿಂದ. ಮೂರು ದಿನದ ಹಿಂದೆ ಹದಿನಾಲ್ಕನೇ ಮರಿಯನ್ನು ನೋಡಲು ಇದೇ ಇಳಿಜಾರಿನಲ್ಲಿ ಬಂದಿದ್ದರು. ಜರೀಗಿಡದ ಬುಡದಲ್ಲಿ, ಬಿಳಿಚುಕ್ಕೆಗಳ ಮುದ್ದೆ, ಮೂಗು ಹೊಟ್ಟೆಯೊಳಗೆ. ಹುಟ್ಟಿ ಆರೇ ದಿನವಾಗಿತ್ತು. ಅಂದು ಹೆಚ್ಚು ಹೊತ್ತು ನಿಂತೆನೇ? ಒಂದು ನಿಮಿಷ, ಅಥವಾ ಒಂದೂವರೆ. ಆ ಅರ್ಧ ನಿಮಿಷವನ್ನು ಅವರು ಈಗ ದಾರಿಯುದ್ದಕ್ಕೂ ಎಣಿಸುತ್ತಿದ್ದಾರೆ.

ಸದ್ದು ಹತ್ತಿರವಾಗುತ್ತದೆ. ಆದರೆ ಕಾಡಿನ ಒಳಕ್ಕೆ ಎಳೆಯುವ ಬದಲು ಅಂಚಿಗೆ ಎಳೆಯುತ್ತಿದೆ. ಮರಗಳು ತೆಳ್ಳಗಾಗುತ್ತವೆ. ಆಚೆ ಹೊಸ ಬಡಾವಣೆಯ ಬೂದುಬಣ್ಣದ ಮನೆಗಳ ಹಿತ್ತಿಲು ಕಾಣುತ್ತದೆ. ಒಂದು ಹಿತ್ತಿಲಲ್ಲಿ ಮಗುವಿನ ಪುಟ್ಟ ಬಟ್ಟೆಗಳು ಒಣಗುತ್ತಿವೆ.

ಇಬ್ಬರೂ ನಿಲ್ಲುತ್ತಾರೆ. ಮುಚ್ಚಿಟ್ಟ ಬೇಟೆ ಮನೆಯ ಬುಡದಲ್ಲಿದೆ ಎಂದರೆ ಬೆಕ್ಕೂ ಅಲ್ಲೇ ಇದೆ. ಎಳೆಮಗುವಿರುವ ಮನೆ.

ಫ್ಲಾವಿಯಾ ಓಡುತ್ತಾರೆ. ಓಡಬಾರದು ಎಂದು ಗೊತ್ತಿದ್ದೂ ಓಡುತ್ತಾರೆ.

ಆಂಟೆನಾ ಪೊದೆಯನ್ನು ತೋರಿಸುವುದಿಲ್ಲ, ಮರದ ಜಗಲಿಯ ಅಡಿಯನ್ನೂ ತೋರಿಸುವುದಿಲ್ಲ. ಮನೆಯ ಗ್ಯಾರೇಜನ್ನು ತೋರಿಸುತ್ತದೆ.

ಕರೆಗಂಟೆ ಒತ್ತಿದರೆ ಬಾಗಿಲು ಒಂದು ಗೇಣು ತೆರೆಯುತ್ತದೆ. ನಿದ್ದೆಗೆಟ್ಟ ಕಣ್ಣಿನ ಗಂಡಸೊಬ್ಬ, ತಮ್ಮ ಮನೆಯಲ್ಲಿ ಏನೂ ಇಲ್ಲವೆಂದು ಇಂಗ್ಲಿಷಿನಲ್ಲಿ ಹೇಳುತ್ತಾನೆ. ಯಾರೂ ಇನ್ನೂ ಏನನ್ನೂ ಕೇಳಿಲ್ಲ. ಒಳಗಿನಿಂದ ವಯಸ್ಸಾದ ಹೆಂಗಸಿನ ದನಿ ಬರುತ್ತದೆ, ಅಚ್ಚ ಮೈಸೂರಿನದು: "ಬಾಗಿಲು ಹಾಕಿ ಅಶ್ವತ್ಥ್, ಅವನ ಬಟ್ಟೆ ನೋಡಿ. ಬೇಟೆಯೋನು. ವಾಸನೆ ಹಿಡಿದು ಬಂದಿದಾನೆ."

"ಅಮ್ಮಾ, ಬಾಗಿಲು ಹಾಕ್ಬೇಡಿ," ಎನ್ನುತ್ತಾರೆ ಫ್ಲಾವಿಯಾ. "ಮರಿ ಜೀವ ಉಂಟಾ ಇಲ್ವಾ, ಅದೊಂದು ಹೇಳಿ."

"ಅಯ್ಯೋ, ಕನ್ನಡದೋರು," ಎನ್ನುತ್ತದೆ ಆ ದನಿ.

ಮರಿ ಬದುಕಿದೆ. ಗ್ಯಾರೇಜಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಹಳೆಯ ಹತ್ತಿ ಸೀರೆಯ ಮೇಲೆ ಮಲಗಿದೆ. ಅದರ ಮುಂದೆ ವಸಂತಲಕ್ಷ್ಮಿ ಬೆಳ್ಳಿಯ ಒಳಲೆ ಹಿಡಿದು ಕೂತಿದ್ದಾರೆ. ಮಗಳು ಯಾಮಿನಿಯ ಬಾಣಂತನಕ್ಕೆ ಬರುವಾಗ ಮೊಮ್ಮಗುವಿಗೆಂದು ತಂದ ಒಳಲೆ. ಮಗು ಅದರಲ್ಲಿ ಕುಡಿಯಲೊಲ್ಲದು. ನಿನ್ನೆ ಸಂಜೆಯಿಂದ ಮರಿಗೆ ನೀರು ಬೆರೆಸಿದ ಹಸುವಿನ ಹಾಲು ಕುಡಿಸಿದ್ದಾರೆ, ಮೂರು ಸಲ. ಮರಿಯ ಹೊಟ್ಟೆ ಬಿಗಿದುಕೊಂಡಿದೆ, ಹಿಂಗಾಲು ಒದ್ದೆಯಾಗಿದೆ. ಎಡಗಿವಿಯಲ್ಲಿ ಹಳದಿ ಬಿಲ್ಲೆ ಇದೆ: ೧೪. ಕೊರಳಲ್ಲಿ ಏನೂ ಇಲ್ಲ.

"ಪಟ್ಟಿ ಎಲ್ಲಿ?"

ಅಳಿಯ ಅಶ್ವತ್ಥನಾರಾಯಣ ಯಂತ್ರದ ಮೇಲಿನಿಂದ ಒಂದು ಉಂಡೆ ತೆಗೆದು ಕೊಡುತ್ತಾನೆ. ಚಪಾತಿ ಸುತ್ತುವ ಫಾಯಿಲ್. ಒಳಗೆ ಕತ್ತರಿಯಲ್ಲಿ ಕತ್ತರಿಸಿದ ಪಟ್ಟಿ.

"ಬಿಗಿಯಾಗಿತ್ತು ಮೇಡಂ, ಉಸಿರು ಕಟ್ಟುತ್ತೆ ಅಂತ ಕಟ್ ಮಾಡ್ದೆ. ಆಮೇಲೆ ಟ್ರ್ಯಾಕರ್ ಅಂತ ಗೊತ್ತಾಯ್ತು. ಗ್ರೀನ್ ಕಾರ್ಡ್ ಫೈಲ್ ಆಗಿದೆ, ಇದು ಕೇಸ್ ಗೀಸ್ ಆದ್ರೆ ಅಂತ ಹೆದರ್ಕೊಂಡು ಫಾಯಿಲ್ ಸುತ್ತಿದೆ. ಸಿಗ್ನಲ್ ಬ್ಲಾಕ್ ಆಗಬೇಕಿತ್ತು."

"ಬಾಲ ಹೊರಗೆ ಬಿಟ್ಟಿದ್ದೀರಿ," ಎನ್ನುತ್ತಾರೆ ಫ್ಲಾವಿಯಾ, ಫಾಯಿಲ್‌ನಿಂದ ಇಣುಕುತ್ತಿರುವ ಆಂಟೆನಾ ತಂತಿ ತೋರಿಸಿ.

"ಓವರ್‌ಲೇಕ್ ಆಫೀಸಲ್ಲಿ ಹನ್ನೆರಡು ವರ್ಷದಿಂದ ಇವರು ನೆಟ್‌ವರ್ಕ್ ಟೀಮಲ್ಲೇ ಇದಾರೆ," ಎನ್ನುತ್ತಾಳೆ ಯಾಮಿನಿ, ಮಗುವನ್ನು ಹೆಗಲಿಗೆ ಹಾಕಿಕೊಂಡು.

ಮರಿಯನ್ನು ಎಲ್ಲಿಂದ ತಂದರೋ ಅಲ್ಲಿಯೇ ಈಗಲೇ ಇಡಬೇಕು ಎಂದು ಫ್ಲಾವಿಯಾ ಹೇಳಿದಾಗ ವಸಂತಲಕ್ಷ್ಮಿ ಮರಿ ಮಲಗಿದ ಸೀರೆಯ ಅಂಚು ಬಿಗಿಹಿಡಿಯುತ್ತಾರೆ. "ಎರಡು ದಿವಸ ಅಡುಗೆಮನೆ ಕಿಟಕೀಲಿ ನೋಡ್ದೆ ಕಣಮ್ಮ. ಹಿತ್ತಿಲ ಪೊದೆ ಕೆಳಗೆ ಒಂದೇ ಬಿದ್ದಿತ್ತು. ನಿನ್ನೆ ಆ ನರಿ ಥರದ್ದು ಊಳಿಡ್ತಿತ್ತು. ತಾಯಿ ಅನ್ನೋಳು ಒಂದು ಸಲಾನಾದ್ರೂ ತಿರುಗಿ ನೋಡ್ಬೇಡ್ವಾ? ಬಿಟ್ಟು ಹೋಗಿದಾಳೆ."

"ಬಿಟ್ಟದ್ದಲ್ಲ ಅಮ್ಮ. ತಾಯಿಗೆ ಮೈವಾಸನೆ ಉಂಟು, ಮರಿಗೆ ಇಲ್ಲ. ಹತ್ತಿರ ನಿಂತ್ರೆ ಅವಳ ವಾಸನೆ ಹಿಡಿದು ಕಯೋಟಿ ಬರ್ತವೆ. ಅದಕ್ಕೆ ದೂರ ಇರುದು. ನೀವು ಮಲಗಿದ ಮೇಲೆ ಬಂದು ಹಾಲು ಕೊಟ್ಟು ಹೋಗ್ತಾಳೆ. ನಿನ್ನೆ ರಾತ್ರಿಯೂ ಬಂದಿರ್ತಾಳೆ. ಮರಿ ಇರ್ಲಿಲ್ಲ."

ವಸಂತಲಕ್ಷ್ಮಿಯವರ ಕೈಯಲ್ಲಿ ಒಳಲೆ ಓರೆಯಾಗುತ್ತದೆ, ಹಾಲು ನೆಲಕ್ಕೆ ತೊಟ್ಟಿಕ್ಕುತ್ತದೆ.

ಒಳಲೆ ಕೆಳಗಿಟ್ಟು ಅವರು ಡೇಲ್ ಕಡೆ ಗಲ್ಲ ಎತ್ತಿ ಕೇಳುತ್ತಾರೆ: "ಇವನ್ಯಾಕೆ ಬಂದಿದಾನೆ? ಕೊಲ್ಲೋನು ತಾನೆ?"

ಫ್ಲಾವಿಯಾ ಅವನ ಕಿವಿಯ ಹತ್ತಿರ ಬಾಗಿ ಅನುವಾದಿಸುತ್ತಾರೆ. ಡೇಲ್ ಯೋಚಿಸಿ ಉತ್ತರ ಕೊಡುತ್ತಾನೆ.

"ಏನಂದ?"

ಫ್ಲಾವಿಯಾ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. "ಎರಡು ವರ್ಷ ಬಿಟ್ಟು ಇದಕ್ಕೆ ಕೊಂಬು ಬಂದ್ರೆ, ನನ್ನ ಮುಂದೆ ಬಂದು ನಿಂತ್ರೆ, ಹೊಡೆದು ತಿಂದೇನು ಅಂತಾನೆ. ಅಲ್ಲಿವರೆಗೆ ಇದು ಬದುಕಬೇಕು. ಮರಿ ಉಳಿಯದ ಕಾಡಲ್ಲಿ ತನಗೂ ಕೆಲಸ ಇಲ್ಲ, ಆ ಬೆಕ್ಕಿಗೂ ಇಲ್ಲ ಅಂತಾನೆ."

"ಸುಳ್ಳು ಹೇಳ್ಲಿಲ್ಲ, ಪುಣ್ಯಾತ್ಮ," ಎನ್ನುತ್ತಾರೆ ವಸಂತಲಕ್ಷ್ಮಿ, ಸೀರೆಯ ಅಂಚು ಬಿಡುತ್ತಾ.

ಮರಿ ಫ್ಲಾವಿಯಾರ ಕೈಯಲ್ಲಿ ತಲೆ ಎತ್ತುವುದಿಲ್ಲ. ಪೊದೆಯ ಕೆಳಗೆ ಇಟ್ಟಾಗ ಮಡಚಿಕೊಂಡೂ ಮಲಗುವುದಿಲ್ಲ, ಇಟ್ಟ ಹಾಗೆ ಬೀಳುತ್ತದೆ. ಹೊಸ ಪಟ್ಟಿ ಕಟ್ಟಬೇಕೇ? ಚೀಲದಲ್ಲಿ ಒಂದಿದೆ. ಇನ್ನೂ ಎರಡು ನಿಮಿಷ ಮುಟ್ಟಬೇಕು, ಹಿಡಿಯಬೇಕು, ಅದರ ಎದೆ ಈಗಾಗಲೇ ಹಾರುತ್ತಿದೆ. ಫ್ಲಾವಿಯಾ ಕಟ್ಟುವುದಿಲ್ಲ. ಅಧ್ಯಯನದ ನಿಯಮದಲ್ಲಿ ಇದು ತಪ್ಪು.

ಡೇಲ್ ಇನ್ನೂರು ಹೆಜ್ಜೆ ಆಚೆ ತಾನು ಬೇಟೆಗೆ ಕೂರುವ ಮರದ ಅಟ್ಟಣಿಗೆ ಏರಿ ದುರ್ಬೀನು ಹಿಡಿಯುತ್ತಾನೆ. ಮನೆಯವರು ಪರದೆ ಎಳೆದು ಒಳಗಿರುತ್ತಾರೆ. ಫ್ಲಾವಿಯಾ ರಸ್ತೆಯಲ್ಲಿ, ಪಿಕಪ್ಪಿನಲ್ಲಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಏಳು ಗಂಟೆ. ಎಂಟು. ಎಂಟೂವರೆಗೆ ಕಯೋಟಿಯೊಂದು ಎಲ್ಲೋ ಕೂಗಿ ನಿಲ್ಲಿಸುತ್ತದೆ. ಒಂಬತ್ತೂಕಾಲಿಗೆ ಡೇಲ್‌ನ ಸಂದೇಶ ಬರುತ್ತದೆ: ತಾಯಿ ಬಂದಿದೆ.

ಹತ್ತು ನಿಮಿಷದ ಮೇಲೆ ಇನ್ನೊಂದು: ನೆಕ್ಕುತ್ತಿದೆ. ಮರಿ ಏಳುತ್ತಿಲ್ಲ.

ಆಮೇಲೆ: ಮಂಜು ಬಂತು.

ಮತ್ತೆ ನಲವತ್ತು ನಿಮಿಷ ಏನೂ ಇಲ್ಲ. ಫ್ಲಾವಿಯಾ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ, ಗಾಡಿ ಓಡುತ್ತಿರುವಂತೆ.

ಹತ್ತೂಕಾಲು: ಮಂಜು ಹೋಯಿತು. ಎರಡೂ ಇಲ್ಲ.

ಪೊದೆಯ ಕೆಳಗೆ ನೆತ್ತರಿಲ್ಲ, ಕೂದಲಿಲ್ಲ. ಅಪ್ಪಚ್ಚಿಯಾದ ಹುಲ್ಲು, ತಾಯಿಯ ಗೊರಸಿನ ಗುರುತು ಕಾಡಿನ ಕಡೆಗೆ. ಮರಿಯ ಗೊರಸಿನ ಗುರುತು ಸಿಗುವುದಿಲ್ಲ. ಅಷ್ಟು ಹಗುರ ಮರಿಯ ಗುರುತು ಹುಲ್ಲಿನಲ್ಲಿ ಮೂಡದೆಯೂ ಇರಬಹುದು ಎನ್ನುತ್ತಾನೆ ಡೇಲ್. ಇರಬಹುದು. ಪುಸ್ತಕದಲ್ಲಿ ಹದಿನಾಲ್ಕರ ಮುಂದೆ ಬರೆಯಲು ಮೂರು ಪದಗಳಿವೆ: ಜೀವಂತ, ಮೃತ, ಗೊತ್ತಿಲ್ಲ. ಫ್ಲಾವಿಯಾ ಮೂರನೆಯದನ್ನು ಬರೆಯುತ್ತಾರೆ.

ಕತ್ತರಿಸಿದ ಪಟ್ಟಿ ಈಗ ಅವರ ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲಿದೆ. ಅಯಸ್ಕಾಂತ ಅಂಟಿಸಿದರೆ ರೇಡಿಯೋ ನಿಲ್ಲುತ್ತದೆ, ಅವರು ಅಂಟಿಸಿಲ್ಲ. ಗಾಡಿ ಓಡುವಾಗ ಪಟ್ಟಿ ಅಲುಗುತ್ತದೆ, ರಿಸೀವರ್‌ನಲ್ಲಿ ಸದ್ದು ನಿಧಾನವಾಗುತ್ತದೆ. ಮನೆಯ ಮುಂದೆ ನಾಲ್ಕು ಗಂಟೆ ನಿಂತರೆ ಜೋರಾಗುತ್ತದೆ. "ನಿಲ್ಲಿಸಿದ್ರೆ ಸಾಯ್ತದೆ ಮಾರ್ರೆ," ಎನ್ನುತ್ತಾರೆ, ನಗಲು ಪ್ರಯತ್ನಿಸಿ.

ಬೇಟೆಯ ಪರವಾನಗಿ ಮಾರುವ ಅಂಗಡಿಯ ಬಾಗಿಲಿಗೆ ಅವರು ಒಂದು ಹಾಳೆ ಅಂಟಿಸಿದ್ದಾರೆ. ಎಡಗಿವಿಯಲ್ಲಿ ಹಳದಿ ಬಿಲ್ಲೆ, ಸಂಖ್ಯೆ ೧೪, ಕಂಡವರು ಕರೆ ಮಾಡಿ. ಕೆಳಗೆ ಅವರ ನಂಬರ್. ಬೇಟೆಗಾರರು ಕಾಡಿಗಿಳಿಯುವುದು ಅಕ್ಟೋಬರಿನಲ್ಲಿ. ರೇಡಿಯೋ ಇಲ್ಲದ ಮರಿಯನ್ನು ನೋಡಬಲ್ಲ ಕಣ್ಣುಗಳು ಅವರವೇ. ವಸಂತಲಕ್ಷ್ಮಿ ಅಷ್ಟರೊಳಗೆ ಮೈಸೂರಿಗೆ ಮರಳಿರುತ್ತಾರೆ. ಯಾವಾಗ ಸುದ್ದಿ ಬಂದರೂ, ಎಂಥದೇ ಬಂದರೂ ಹೇಳಬೇಕೆಂದು ಅವರು ಫ್ಲಾವಿಯಾರಿಂದ ಮಾತು ತೆಗೆದುಕೊಂಡಿದ್ದಾರೆ.

"ಒಂದು ಫೋನ್ ಬರ್ಲಿ ಅಂತ ಅಷ್ಟೇ," ಎನ್ನುತ್ತಾರೆ ಫ್ಲಾವಿಯಾ, ಕೈಗವಸಿಗೆ ಮಣ್ಣು ಉಜ್ಜಿಕೊಳ್ಳುತ್ತಾ. ಹದಿನೈದನೇ ಮರಿಯನ್ನು ನೋಡಲು ಹೊರಟಿದ್ದಾರೆ. "ಮುಂದಿನ ವರ್ಷ ಆದ್ರೂ ಅಡ್ಡಿಲ್ಲ, ಅದರ ಮುಂದಿನ ವರ್ಷ ಆದ್ರೂ. ಹೊಡೆದೆ ಅಂತ ಹೇಳಿದ್ರೂ ಆಯ್ತು. ಅಲ್ಲಿವರೆಗೆ ಬದುಕಿತ್ತು ಅಂತ ಆಗ್ತದಲ್ಲ."